ಕಣ್ಣು ಮುಚ್ಚಿದರೆ ಕಾಣದ ಅಕ್ಕ

ಬಹಳ ಬಹಳ ಹಿಂದೆ, ಕೆರೆಗಳಿಗಿನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಜೊಂಡಾವತಿ ಅನ್ನುವ ಒಂದು ರಾಜ್ಯವಿತ್ತು. ಎತ್ತ ನೋಡಿದರೂ ಕೆರೆ, ಕೆರೆ ತುಂಬ ಆಳೆತ್ತರದ ಜೊಂಡು. ಆ ಜೊಂಡನ್ನು ಕೊಯ್ದು, ಒಣಗಿಸಿ, ಚಾಪೆ ಹೆಣೆದು ಬದುಕುವ ಜನ. ರಾಜನ ಹೆಸರು ಕರಿಭೂಪ. ಕೆಟ್ಟವನಲ್ಲ, ಆದರೆ ಕಷ್ಟಪಡುವುದು ಅಂದರೆ ಅವನಿಗೆ ಮೈ ಉರಿ. ಮಗನೂ ಹಾಗೆಯೇ. ನೂಲಿನಂತೆ ಸೀರೆ, ಇನ್ನೇನು.

ಆ ರಾಜಕುಮಾರನಿಗೆ ಎರಡರ ಮಗ್ಗಿ ಬಾಯಿಗೆ ಬರಲು ಎರಡು ವರ್ಷ ಹಿಡಿಯಿತು, ಮೂರರ ಮಗ್ಗಿಗೆ ಮೂರು ವರ್ಷ. ರಾಜ ಬೇಸತ್ತು ಡಂಗುರ ಹೊಡೆಸಿದ: ಕಷ್ಟವಿಲ್ಲದೆ ಲೆಕ್ಕ ಕಲಿಸುವವರಿಗೆ ಕೇಳಿದ್ದು ಕೊಡುತ್ತೇನೆ. ಏಳನೆಯ ದಿನ ಜಡಭದ್ರ ಅನ್ನುವ ಮಾಂತ್ರಿಕ ಬಂದು ನಿಂತ.

“ಮಹಾರಾಜ, ನಿನ್ನ ಮಗನೊಬ್ಬನಿಗೇ ಯಾಕೆ? ಇಡೀ ರಾಜ್ಯಕ್ಕೆ ನೂರರವರೆಗಿನ ಮಗ್ಗಿಯನ್ನು ಒಂದೇ ಬೆಳಗ್ಗೆ ಬಾಯಿಗೆ ತರಿಸುತ್ತೇನೆ,” ಅಂದ.

“ಅದಕ್ಕೆ ಬದಲಿಗೆ ಏನು ಬೇಕು?”

“ಕಣ್ಣು ಮುಚ್ಚಿದರೆ ನಿನ್ನ ಜನಕ್ಕೆ ಏನೇನೋ ಕಾಣುತ್ತದಲ್ಲ, ಎದುರಿಗಿಲ್ಲದ್ದು ಇದ್ದ ಹಾಗೇ ಕಣ್ಣಿಗೆ ಕಟ್ಟುತ್ತದಲ್ಲ, ಅದನ್ನು ಕೊಡು ಸಾಕು.”

“ಅದರಿಂದ ಯಾರ ಹೊಟ್ಟೆ ತುಂಬುತ್ತದೆ? ತೆಗೆದುಕೊಂಡು ಹೋಗು,” ಅಂದುಬಿಟ್ಟ ರಾಜ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಈ ಪುಣ್ಯಾತ್ಮ ಒಕ್ಕಾಲು ಇಸಕೊಂಡು ಮುಕ್ಕಾಲು ಕೊಟ್ಟ. ಮಾಂತ್ರಿಕನಿಗೆ ಅದು ಯಾಕೆ ಬೇಕಿತ್ತು ಅಂತೀರಾ? ಹುಟ್ಟಿದಾಗಿನಿಂದ ಅವನು ಕಣ್ಣು ಮುಚ್ಚಿದರೆ ಬರೀ ಕತ್ತಲೆ. ತನಗಿಲ್ಲದ್ದು ಊರಿಗೂ ಬೇಡ ಅನ್ನುವ ಪೈಕಿ ಅವನು.

ಮಾರನೆಯ ಬೆಳಗ್ಗೆ ತೊಟ್ಟಿಲ ಕೂಸು ಕೂಡ “ಏಳೆಂಟ್ಲ ಐವತ್ತಾರು” ಅಂದಿತು. ಊರೆಲ್ಲ ಹಬ್ಬ. ಆದರೆ ಏಳು ಸಾಲಿನಲ್ಲಿ ಎಂಟೆಂಟು ಮಡಕೆ ಇಡಿ ಅಂದರೆ ಒಬ್ಬರಿಗೂ ಬರಲಿಲ್ಲ. ಬಡಗಿಗೆ ಕಟ್ಟಬೇಕಾದ ಮನೆ ಕಾಣಲಿಲ್ಲ, ಗೋಡೆಗಳು ವಾಲಿದವು. ಊರಿಗೆ ಹೋದ ಗಂಡನ ಮುಖ ಹೆಂಡತಿಗೆ ನೆನಪಾಗಲಿಲ್ಲ.

ಆ ರಾಜ್ಯದಲ್ಲಿ ಅಪ್ಪ ಅವ್ವ ಇಲ್ಲದ ಅಕ್ಕತಂಗಿಯರಿದ್ದರು. ಅಕ್ಕ ದೇವೀರಿ, ತಂಗಿ ಸೋಮಿ. ಮಾಟ ಊರಿನ ಮೇಲೆ ಹಾದುಹೋದ ಗಳಿಗೆಯಲ್ಲಿ ದೇವೀರಿ ಕೆರೆಯೊಳಗೆ ಮುಳುಗಿ ಜೊಂಡಿನ ಬುಡ ಕೊಯ್ಯುತ್ತಿದ್ದಳು. ನೀರಿನಡಿಗೆ ಮಾಟ ಇಳಿಯಲಿಲ್ಲ. ಹಾಗಾಗಿ ಅವಳೊಬ್ಬಳಿಗೆ ಎಲ್ಲ ಮೊದಲಿನಂತೆ ಕಾಣುತ್ತಿತ್ತು. ಅವಳು ಮಕ್ಕಳನ್ನು ಕೆರೆದಂಡೆಯಲ್ಲಿ ಕೂರಿಸಿಕೊಂಡು, ಕಲ್ಲು ಜೋಡಿಸಿ, “ಬಾಯಲ್ಲಿ ಹೇಳಿದರೆ ಸಾಲದು, ಏಳೆಂಟ್ಲ ಅಂದ್ರೆ ಇದು, ನೋಡ್ರೋ,” ಅನ್ನುತ್ತಿದ್ದಳು. ಸುದ್ದಿ ಜಡಭದ್ರನ ಕಿವಿಗೆ ಬಿತ್ತು. ಬಂದ, ಹೊತ್ತುಕೊಂಡು ಹೋದ, ತನ್ನ ಮೂರು ಬಾಗಿಲ ಕೋಟೆಯಲ್ಲಿಟ್ಟ. ಮೂರೂ ಬಾಗಿಲು ದಾಟಿದವರು ಒಬ್ಬರನ್ನು ಬಿಡಿಸಿಕೊಂಡು ಹೋಗಬಹುದು ಅಂತ ಸಾರಿದ. ಅವಳನ್ನು ಬಿಡಿಸಲು ರಾಜ ಪಂಡಿತರನ್ನು ಕಳಿಸಿದ. ಹೋದವರು ಹೋದರು, ಒಬ್ಬರೂ ಬರಲಿಲ್ಲ.

ಸೋಮಿಗೆ ಆಗ ಹನ್ನೆರಡು ವರ್ಷ. ಏಳು ವರ್ಷ ಕಳೆಯಿತು. ಅಕ್ಕ ಇಲ್ಲದ ಮನೆಯಲ್ಲಿ ಒಬ್ಬಳೇ ಚಾಪೆ ಹೆಣೆದಳು. ನೆನೆಸಿಕೊಂಡು ಅಳೋಣವೆಂದರೆ ನೆನೆಯಲು ಮುಖವೇ ಇಲ್ಲ. ಕಣ್ಣು ಮುಚ್ಚಿದರೆ ಕತ್ತಲೆ. ಉಳಿದದ್ದು ಐದು ಮಾತು. ದಿನಾ ಬೆಳಗ್ಗೆ ಎದ್ದು ಮಗ್ಗಿಯಂತೆ ಹೇಳಿಕೊಳ್ಳುವಳು: ಅಕ್ಕ ಕಪ್ಪು. ಅಕ್ಕ ಉದ್ದ. ನಡೆದರೆ ಬಿರಬಿರ. ನಕ್ಕರೆ ಬಾಯಿಗೆ ಸೆರಗು. ಎಡಗಿವಿಯ ಕೆಳಗೆ ಮಚ್ಚೆ. ಐದೂ ಗೊತ್ತು. ಐದೂ ಕೂಡಿದರೆ ಅಕ್ಕ ಆಗುತ್ತಿರಲಿಲ್ಲ. ಆ ಸಂಕಟ ಯಾರಿಗೂ ಬೇಡ.

ಒಂದು ಬೆಳಗ್ಗೆ ನಾಲ್ಕು ಹೇಳಿದವಳಿಗೆ ಐದನೆಯದು ನಾಲಿಗೆಗೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂತು. ಸೋಮಿ ಹೆದರಿಬಿಟ್ಟಳು. ಇವತ್ತು ತಡವಾದದ್ದು ನಾಳೆ ಬಾರದೇ ಹೋದರೆ? ಬುತ್ತಿ ಕಟ್ಟಿದಳು, ಒಂದು ಹಿಡಿ ಜೊಂಡು ಸೊಂಟಕ್ಕೆ ಸಿಗಿಸಿಕೊಂಡಳು, ಕೋಟೆಯ ದಾರಿ ಹಿಡಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ. ಪಕ್ಕದ ಮರದ ತುಂಬ ಗಿಳಿಗಳು, ಎಲ್ಲವೂ ಮಗ್ಗಿ ಹೇಳುತ್ತಿದ್ದವು. ಅವು ರಾಜನ ಪಂಡಿತರು. ಗಿಳಿಪಾಠ ಒಪ್ಪಿಸಿದವರನ್ನು ಹುಲಿ ಗಿಳಿ ಮಾಡಿ ಕೂರಿಸಿತ್ತು.

“ಮೊದಲ ಸಾಲಿನಲ್ಲಿ ಒಂದು ಕಲ್ಲು,” ಅಂದಿತು ಹುಲಿ. “ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಹೀಗೇ ನೂರನೆಯ ಸಾಲಿನಲ್ಲಿ ನೂರು. ಎಲ್ಲ ಸೇರಿ ಎಷ್ಟು? ನನ್ನ ನೆರಳು ಬಾಗಿಲು ಮುಟ್ಟುವುದರೊಳಗೆ ಹೇಳು.”

ಇದು ಯಾವ ಮಗ್ಗಿಯಲ್ಲೂ ಇರಲಿಲ್ಲ. ಸೋಮಿ ಕಣ್ಣು ಮುಚ್ಚಿದಳು, ಕತ್ತಲೆ. ತಲೆಯೊಳಗೆ ಕಾಣದಿದ್ದರೆ ನೆಲದ ಮೇಲಾದರೂ ಕಾಣಲಿ ಎಂದುಕೊಂಡು ಜೊಂಡು ಮುರಿದು ತುಂಡು ಮಾಡಿದಳು. ನೂರು ಸಾಲಿಗೆ ಹೊತ್ತಿಲ್ಲ, ನಾಲ್ಕೇ ಸಾಲು ಹಾಕಿದಳು. ಒಂದು, ಎರಡು, ಮೂರು, ನಾಲ್ಕು. ನೋಡಿದರೆ ಓರೆಯಾಗಿ ಹರಿದ ಚಾಪೆ! ಹರಿದ ಚಾಪೆಗೆ ಏನು ಮಾಡಬೇಕೆಂದು ಚಾಪೆಯವರ ಕೈಗೆ ಹೇಳಿಕೊಡಬೇಕೇ? ಅಂಥದ್ದೇ ಇನ್ನೊಂದು ಚೂರು ತಂದು, ತಲೆಕೆಳಗು ಮಾಡಿ ಜೋಡಿಸಬೇಕು. ಜೋಡಿಸಿದಳು. ಒಂದರ ಪಕ್ಕಕ್ಕೆ ನಾಲ್ಕು ಬಂತು, ಎರಡರ ಪಕ್ಕಕ್ಕೆ ಮೂರು. ಎಲ್ಲ ಸಾಲೂ ಐದೈದು, ಅಂಚು ನೆಟ್ಟಗೆ. ನಾಲ್ಕು ಸಾಲಿಗೆ ಇಪ್ಪತ್ತು, ಅದರಲ್ಲಿ ತನ್ನದು ಅರ್ಧ, ಹತ್ತು. ಎಣಿಸಿ ನೋಡಿದಳು, ಸರಿ ಇತ್ತು.

“ನೂರು ಸಾಲಾದರೆ ಒಂದೊಂದರಲ್ಲೂ ನೂರಾ ಒಂದು ಬರುತ್ತೆ,” ಅಂದಳು. “ಒಟ್ಟು ಹತ್ತು ಸಾವಿರದ ನೂರು. ಅದರಲ್ಲಿ ಅರ್ಧ, ಐದು ಸಾವಿರದ ಐವತ್ತು.”

ಹುಲಿ ನೆಲದ ಮೇಲಿನ ಚಾಪೆಯನ್ನು ಬಹಳ ಹೊತ್ತು ನೋಡಿತು. “ಇಷ್ಟು ವರ್ಷ ಕೇಳಿದ್ದೇನೆ, ಇದು ಹೀಗಿದೆಯೆಂದು ನನಗೂ ಗೊತ್ತಿರಲಿಲ್ಲ. ಹೋಗು ತಾಯಿ,” ಅಂತ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬಿಳಿ ಕರಡಿ. ಅದರ ಕೈಯಲ್ಲಿ ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯ ಪುಟ್ಟ ಮರದ ಡಬ್ಬಿ.

“ಈ ಡಬ್ಬಿಯ ತುಂಬ ಜೇನಿದೆ,” ಅಂದಿತು. “ಇದರ ಎರಡರಷ್ಟು ಉದ್ದ, ಎರಡರಷ್ಟು ಅಗಲ, ಎರಡರಷ್ಟು ಎತ್ತರದ ಪೆಟ್ಟಿಗೆ ಮಾಡಿಸಿದ್ದೇನೆ. ಅದು ತುಂಬಲು ಇಂಥ ಎಷ್ಟು ಡಬ್ಬಿ ಜೇನು ಬೇಕು?”

ಸೋಮಿಗೆ ಹುಲಿಯನ್ನು ಗೆದ್ದ ಹುಮ್ಮಸ್ಸು. ಚಾಪೆಯ ಉದ್ದ ಎರಡರಷ್ಟು, ಅಗಲ ಎರಡರಷ್ಟು ಆದರೆ ಜೊಂಡು ನಾಲ್ಕರಷ್ಟು ಬೇಕು. ಇದು ಜೊಂಡಾವತಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಹಿಂದೆ ಮುಂದೆ ನೋಡದೆ “ನಾಲ್ಕು” ಅಂದುಬಿಟ್ಟಳು.

“ತಪ್ಪು,” ಅಂದಿತು ಕರಡಿ. “ಇನ್ನೊಂದು ಸಲ ಹೇಳಬಹುದು. ಆದರೆ ತಪ್ಪಿದ್ದಕ್ಕೆ ದಂಡವಿದೆ. ನಿನಗೆ ಗೊತ್ತಿರುವುದರಲ್ಲಿ ಒಂದು ನನಗೆ.” ಅವಳ ಹಣೆಯ ಮೇಲೆ ಪಂಜ ಇಟ್ಟು ತೆಗೆಯಿತು.

ಸೋಮಿ ಒಂದೊಂದಾಗಿ ಹೇಳಿಕೊಂಡಳು. ಅಕ್ಕ ಕಪ್ಪು. ಅಕ್ಕ ಉದ್ದ. ನಡೆದರೆ ಬಿರಬಿರ. ನಕ್ಕರೆ ಬಾಯಿಗೆ ಸೆರಗು. ಆಮೇಲೆ ಏನೂ ಇಲ್ಲ. ಐದು ಇದ್ದವು ಎನ್ನುವುದು ಗೊತ್ತು, ಐದನೆಯದು ಏನು ಅನ್ನುವುದು ಗೊತ್ತಿಲ್ಲ. ಮೊದಲೇ ಮುಖ ಹೋಗಿತ್ತು, ಈಗ ಅಕ್ಕನದು ಇನ್ನೊಂದು ಚೂರು ತನ್ನ ಅವಸರದಿಂದಲೇ ಹೋಯಿತು. ಬಾಗಿಲ ಮುಂದೆ ಕುಕ್ಕರಿಸಿ ಮನಸಾರೆ ಅತ್ತಳು. ಕರಡಿ ಸುಮ್ಮನೆ ಕಾಯಿತು. ಅಳುವವರನ್ನು ಅವಸರ ಮಾಡಬಾರದೆಂಬಷ್ಟು ತಿಳಿವಳಿಕೆ ಅದಕ್ಕಿತ್ತು.

ಅತ್ತು ಮುಗಿದ ಮೇಲೆ ಸೋಮಿ ಕಂದಕದ ಜೇಡಿಮಣ್ಣು ತಂದು, ಡಬ್ಬಿಯ ಅಳತೆಗೆ ಸರಿಯಾಗಿ ಉಂಡೆ ಕಟ್ಟಿ, ಚಚ್ಚೌಕ ಮಾಡಿದಳು. ನಾಲ್ಕು ಜೋಡಿಸಿದಳು. ಉದ್ದ ಎರಡು, ಅಗಲ ಎರಡು. ಆದರೆ ಎತ್ತರ? ಎತ್ತರ ಒಂದೇ. ಅಯ್ಯೋ ನನ್ನ ಬುದ್ಧಿಯೇ, ಚಾಪೆಗೆ ಎತ್ತರವಿಲ್ಲ, ಅದಕ್ಕೇ ನನಗೆ ಹೊಳೆಯಲಿಲ್ಲ ಎಂದುಕೊಂಡಳು. ಮೇಲೆ ಇನ್ನೂ ನಾಲ್ಕು ಇಟ್ಟಳು.

“ಎಂಟು,” ಅಂದಳು. “ಮೊದಲು ಹೇಳಿದ್ದು ಬರೀ ತಳ.”

ಕೈ ಕೆಸರಾದರೆ ಬಾಯಿ ಮೊಸರು. ಕರಡಿ ಬಾಗಿಲು ತೆರೆಯಿತು. ಆದರೆ ತೆಗೆದುಕೊಂಡದ್ದನ್ನು ಕೊಡಲಿಲ್ಲ.

ಮೂರನೆಯ ಬಾಗಿಲ ಒಳಗೆ ದೊಡ್ಡ ತೊಟ್ಟಿಯಂಗಳ. ಅಲ್ಲಿ ಜಡಭದ್ರನೇ ಕೂತಿದ್ದ. ಅವನ ಮುಂದೆ ಏಳು ಜನ ಹೆಂಗಸರು. ಏಳೂ ಕಪ್ಪು, ಏಳೂ ಉದ್ದ, ಏಳೂ ಒಂದೇ ಮುಖ.

“ಇವರಲ್ಲಿ ಒಬ್ಬಳು ನಿನ್ನ ಅಕ್ಕ,” ಅಂದ. “ಉಳಿದ ಆರು ನನ್ನ ಗೊಂಬೆಗಳು. ಗೊಂಬೆಗಳಿಗೆಲ್ಲ ನನ್ನದೇ ತಲೆ. ಹಿಡಿದ ಲೆಕ್ಕವನ್ನು ಮುಗಿಸದೆ ಬಿಟ್ಟ ತಲೆಯಲ್ಲ ಇದು. ಒಂದೇ ಒಂದು ಪ್ರಶ್ನೆ ಕೇಳು. ಅದಕ್ಕೆ ಉತ್ತರ ಬಿಟ್ಟು ಬೇರೆ ಮಾತು ಇವರ ಬಾಯಿಂದ ಹೊರಡುವುದಿಲ್ಲ. ತಪ್ಪಾಗಿ ಆರಿಸಿದರೆ ನೀನೂ ಗಿಳಿ.”

ಸೋಮಿ ಒಬ್ಬೊಬ್ಬರ ಎದುರೂ ನಿಂತು ನೋಡಿದಳು. ಒಬ್ಬಳಿಗೆ ಮಾತ್ರ ಎಡಗಿವಿಯ ಕೆಳಗೆ ಮಚ್ಚೆ. ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕೂಗಿ ಹೇಳೋಣವೆಂದರೆ ಕತೆಯೊಳಕ್ಕೆ ನಮ್ಮ ದನಿ ಹೋಗುವುದಿಲ್ಲ.

ಮಗ್ಗಿ ಕೇಳಿದರೆ ಏಳೂ ಜನ ಹೇಳುತ್ತಾರೆ. ಹೆಸರು, ಊರು ಕೇಳಿದರೂ ಮಾಂತ್ರಿಕ ತಿಳಿದುಕೊಂಡಿರುತ್ತಾನೆ. ಸೋಮಿಗೆ ಹೊಟ್ಟೆ ಹಸಿದಿತ್ತು. ಹಸಿವಿಗೆ ಒಂದು ಸಂಗತಿ ನೆನಪಾಯಿತು. ಮನೆಯಲ್ಲಿ ಒಂದೇ ರೊಟ್ಟಿ ಇದ್ದ ದಿನಗಳಲ್ಲಿ ಅಕ್ಕ ಅರ್ಧ ಮುರಿದು ಇವಳಿಗೆ ಕೊಡುತ್ತಿದ್ದಳು. ತಿಂದು ಮುಗಿಸಿ ಇವಳು ಮುಖ ನೋಡಿದರೆ, ಉಳಿದದ್ದರಲ್ಲಿ ಅರ್ಧ. ಮತ್ತೆ ನೋಡಿದರೆ, ಅದರಲ್ಲೂ ಅರ್ಧ. ಕೊಡುವ ಕೈ, ಮುಖ ಯಾವುದೂ ಕಣ್ಣಿಗೆ ಬರಲಿಲ್ಲ. ಆದರೆ ಬೆಚ್ಚಗಿನ ಚೂರು ಸಣ್ಣದಾಗುತ್ತಾ ಸಣ್ಣದಾಗುತ್ತಾ ಬಂದದ್ದು ಅಂಗೈಗೆ ಚೆನ್ನಾಗಿ ನೆನಪಿತ್ತು.

ಸೋಮಿ ಕೇಳಿದಳು, “ಒಂದು ರೊಟ್ಟಿ. ನನಗೆ ಮೊದಲು ಅರ್ಧ ಕೊಟ್ಟಿರಿ. ಉಳಿದದ್ದರಲ್ಲಿ ಅರ್ಧ ಕೊಟ್ಟಿರಿ. ಮತ್ತೆ ಉಳಿದದ್ದರಲ್ಲಿ ಅರ್ಧ. ಹೀಗೇ ನಿಲ್ಲಿಸದೆ ಕೊಡುತ್ತಾ ಹೋದರೆ, ಕೊನೆಗೆ ನನಗೆ ಸಿಕ್ಕಿದ್ದು ಎಷ್ಟು?”

ಮೊದಲನೆಯವಳು ಶುರು ಮಾಡಿದಳು, “ಅರ್ಧ. ಅದಕ್ಕೆ ಕಾಲು. ಅದಕ್ಕೆ ಅರೆಕಾಲು. ಅದಕ್ಕೆ ವೀಸ. ಅದಕ್ಕೆ ಅರೆವೀಸ. ಅದಕ್ಕೆ...” ಹೀಗೆ ಅರ್ಧದರ್ಧ ಕೂಡುತ್ತಾ ಹೋದಳು, ನಿಲ್ಲಲಿಲ್ಲ. ಎರಡನೆಯವಳೂ ಅದನ್ನೇ ಹಿಡಿದಳು. ಮೂರನೆಯವಳೂ, ನಾಲ್ಕನೆಯವಳೂ. ಐದನೆಯವಳು ಸುಮ್ಮನಿದ್ದಳು. ಆರು ಏಳನೆಯವರೂ ಕೂಡತೊಡಗಿದರು. ಐದನೆಯವಳು ಸೋಮಿಯ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಒಂದು ರೊಟ್ಟಿ ಕಣೇ, ಪೂರ್ತಿ,” ಅಂದಳು. “ನನ್ನ ಕೈಲಿ ಉಳಿಯೋದು ಪ್ರತಿ ಸಲ ಅರ್ಧ ಆಗ್ತಾ ಹೋಗ್ತಿತ್ತು. ಕೊನೆಗೆ ಇರುವೆಗೂ ಸಾಲ್ತಿರಲಿಲ್ಲ. ಮಿಕ್ಕಿದ್ದೆಲ್ಲ ನಿನ್ನ ಹೊಟ್ಟೇಲಿ.”

ಸೋಮಿ ಅವಳ ಕೈ ಹಿಡಿದಳು. “ಇವಳು ನನ್ನಕ್ಕ,” ಅಂದಳು.

ಜಡಭದ್ರ ಎದ್ದು ಏನೋ ಮಂತ್ರ ಹೇಳಲು ಹೋದ. ಬಾಯಿಂದ ಬಂದದ್ದು “ಅದಕ್ಕೆ ಅರೆವೀಸ, ಅದಕ್ಕೆ ಅದರರ್ಧ.” ಗೊಂಬೆಗಳ ತಲೆ ಅವನದೇ ತಾನೆ? ಆರು ಬಾಯಲ್ಲಿ ನಡೆಯುತ್ತಿದ್ದ ಲೆಕ್ಕ ಅವನ ಬಾಯಿಗೂ ಹತ್ತಿತು. ಹಿಡಿದ ಲೆಕ್ಕ ಬಿಡಲಾರ. ಮುಗಿಯುವ ಲೆಕ್ಕವಲ್ಲ. ಒಂದೊಂದು ಸಲ ಕೂಡಿದಾಗಲೂ ಅವನು ಅರ್ಧವಾದ. ಆಳುದ್ದ ಇದ್ದವನು ಮೊಣಕಾಲುದ್ದ ಆದ, ಗೇಣುದ್ದ ಆದ, ರಾಗಿಕಾಳಿನಷ್ಟಾದ. ಇವತ್ತಿಗೂ ಅಲ್ಲೆಲ್ಲೋ ಕೂಡುತ್ತಲೇ ಇದ್ದಾನೆ. ಒಂದು ಅಂತ ಹೇಳಿಬಿಟ್ಟರೆ ಬಿಡುಗಡೆ. ಹೇಳಲು ಅವನಿಗೆ ಕಾಣಬೇಕಲ್ಲ.

ಕೋಟೆಯ ಕಣಜ ತಾನಾಗಿ ತೆರೆಯಿತು. ಜನರಿಂದ ಇಸಕೊಂಡು ಅಲ್ಲಿ ಕೂಡಿಟ್ಟಿದ್ದ ಕಣ್ಣೊಳಗಿನ ನೋಟವೆಲ್ಲ ಅವರವರ ಮನೆಗೆ ಹೋಯಿತು. ಬಡಗಿಗೆ ಕಟ್ಟಬೇಕಾದ ಮನೆ ಕಂಡಿತು, ಹೆಂಡತಿಗೆ ದೂರದ ಗಂಡ ಕಂಡ. ಗಿಳಿಗಳು ಪಂಡಿತರಾಗಿ ಮರದಿಂದ ಇಳಿದರು, ಕೆಲವರಿಗೆ ಇಳಿಯಲು ಏಣಿ ಬೇಕಾಯಿತು. ಬಿಟ್ಟಿ ಸಿಕ್ಕ ಮಗ್ಗಿ ಎಲ್ಲರ ಬಾಯಿಂದ ಹೋಯಿತು. ರಾಜಕುಮಾರ ಕೆರೆದಂಡೆಯಲ್ಲಿ ದೇವೀರಿಯ ಎದುರು ಕೂತು, ಕಲ್ಲು ಜೋಡಿಸಿ ಮೊದಲಿಂದ ಕಲಿತ. ಈ ಸಲ ಅವನಿಗೆ ರುಚಿ ಹತ್ತಿತು. ಜೊಂಡಾವತಿಯಲ್ಲಿ ಆಮೇಲೆ ಗೋಡೆ ವಾಲಲಿಲ್ಲ, ಜನ ಉಂಡುಟ್ಟು ಸುಖವಾಗಿದ್ದರು.

ಇದೆಲ್ಲ ಆಮೇಲಿನ ಮಾತು. ಅವತ್ತು ಕೋಟೆಯಿಂದ ಬರುವಾಗ ಸೋಮಿ ನಡುದಾರಿಯಲ್ಲಿ ನಿಂತು ಕಣ್ಣು ಮುಚ್ಚಿದಳು.

“ಯಾಕೇ, ಸುಸ್ತಾಯ್ತಾ?” ಅಂದಳು ದೇವೀರಿ.

“ಇಲ್ಲ ಅಕ್ಕ. ನೀನು ಬರ್ತೀಯಾ ಅಂತ ನೋಡ್ತಿದೀನಿ.”

“ಇಲ್ಲೇ ಇದೀನಲ್ಲೇ.”

“ಸುಮ್ನಿರು ಸ್ವಲ್ಪ.”

ಬಿಸಿಲು ಏರಿತ್ತು. ಸೋಮಿಯ ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

“ನೀನು ಬಂದೆ,” ಅಂದಳು. ಆಮೇಲೆ ಕಣ್ಣು ಬಿಡದೆಯೇ ಕೇಳಿದಳು, “ಅಕ್ಕ, ಏಳು ವರ್ಷ ಅಲ್ಲಿ ನಿಂಗೆ ನಾನು ಬರ್ತಿದ್ನಾ?”

“ದಿನಾ ಬರ್ತಿದ್ದೆ,” ಅಂದಳು ದೇವೀರಿ. “ಆದ್ರೆ ದಿನಾ ಹನ್ನೆರಡು ವರ್ಷದವಳಾಗೇ ಬರ್ತಿದ್ದೆ ಕಣೇ. ಇಷ್ಟು ಬೆಳೆದಿದೀಯ ಅಂತ ನಂಗೆ ಕಾಣಲೇ ಇಲ್ಲ.”

ತಂಗಿಯ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ, ದೇವೀರಿ ಹೊಸದಾಗಿ ನೋಡತೊಡಗಿದಳು.