ಕುಬ್ರಾಳ ಅರ್ಜಿಯಲ್ಲಿ ಗಂಡನ ಹೆಸರು

"ಮುಟ್ಬೇಡ ಅದನ್ನ!"

ಕುಬ್ರಾ ಲೋಟವನ್ನು ಇನ್ನೇನು ತುಟಿಗೆ ತಾಗಿಸಬೇಕು, ಅಷ್ಟರಲ್ಲಿ ಮುಜಾಫರ್ ಕೈ ಬೀಸಿ ಹೊಡೆದೇ ಬಿಟ್ಟ. ಸ್ಟೀಲ್ ಲೋಟ ಠಣ್ಣೆಂದು ನೆಲಕ್ಕೆ ಬಿದ್ದು ಸುಟ್ಟ ಮೋಟರುಗಳ ಸಂದಿಗೆ ಉರುಳಿತು. ನೀರೆಲ್ಲ ಅವಳ ಚೂಡಿದಾರದ ಮೇಲೆ.

ಬಿಳಿಗೆರೆಯಿಂದ ತೋಟದ ಪಂಪ್‌ಸೆಟ್ ಮೋಟರನ್ನು ಮುಜಾಫರ್‌ನ ಅಂಗಡಿಗೆ ರಿಪೇರಿಗೆಂದು ತಂದಿದ್ದ ಸಣ್ಣತಿಮ್ಮಯ್ಯ ಬಾಯಿ ತೆರೆದುಕೊಂಡು ನೋಡುತ್ತಾ ನಿಂತ.

ಎರಡೂವರೆ ವರ್ಷದ ಮೇಲೆ ಕೆನಡಾದಿಂದ ಬಂದ ಹೆಂಡತಿ! ಗಂಡ ಕೊಟ್ಟ ಸ್ವಾಗತ ಇದು!

"ಬಾಯಾರಿಕೆ ಆಗಿತ್ತು. ನೀರು ತಾನೆ ಕುಡಿಯೋಕೆ ಹೋಗಿದ್ದು? ನಿಮ್ಮ ಪ್ರಾಣ ಕೇಳಿದ್ನಾ?"

"ನನ್ನ ಲೋಟ ಅದು. ನಿನಗೆ ಬೇಕಿದ್ರೆ ಎದುರಿಗೆ ಹೋಟ್ಲು ಐತೆ, ಹೋಗು."

ಮನೆಯಲ್ಲಿ ಅವರದು ಉರ್ದು. ಆದರೆ ಜಗಳಕ್ಕೆ ನಿಂತರೆ ಇಬ್ಬರಿಗೂ ಕನ್ನಡವೇ ನಾಲಿಗೆಗೆ ಬರುತ್ತಿತ್ತು. ಇವತ್ತು ಮೊದಲ ಮಾತೇ ಕನ್ನಡ!

ದಂಡಿನಶಿವರದ ಅಣ್ಣನ ಮನೆಯಿಂದ ತಿಪಟೂರಿಗೆ ಬರುವಾಗ ಬಸ್ಸಿನುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಿದ್ದಳು. ಮೊದಲು ಹೇಗಿದ್ದೀರಿ ಅನ್ನಬೇಕು... ಆಮೇಲೆ ಅಮ್ಮಿ ಹೇಗಿದ್ದಾರೆ ಅನ್ನಬೇಕು... ಎಲ್ಲಾ ಆ ನೀರಿನ ಜೊತೆ ಚೆಲ್ಲಿ ಹೋಯಿತು.

ಮುಜಾಫರ್ ಮೊದಲಿನ ಹಾಗಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು. ದ್ವೇಷ ಮನುಷ್ಯನನ್ನು ಹೀಗೂ ತಿನ್ನುತ್ತದಾ? ಅಂದುಕೊಂಡಳು ಅವಳು.

"ಸರಿ, ಬಂದ ಕೆಲಸ ಹೇಳಿಬಿಡ್ತೀನಿ. ನನ್ನ ಎರಡು ವರ್ಷದ ಕೆಲಸ ಮುಗೀತು. ಇನ್ನು ಪಿ.ಆರ್.ಗೆ, ಅಂದ್ರೆ ಅಲ್ಲೇ ಖಾಯಂ ಇರೋಕೆ, ಅರ್ಜಿ ಹಾಕಬಹುದು. ಪರ್ಮಿಟ್ ಮುಗಿಯೋದ್ರೊಳಗೆ ಹಾಕಲೇಬೇಕು. ಅದರಲ್ಲಿ ಗಂಡನ ವಿವರ ಕೇಳ್ತಾರೆ."

"ಅದಕ್ಕೆ?"

"ನಿಮ್ಮ ಸಹಿ ಬೇಕು, ಫೋಟೊ ಬೇಕು. ಅವರು ಕರೆದಾಗ ಬೆಂಗಳೂರಿನಲ್ಲಿ ಮೆಡಿಕಲ್ ಮಾಡಿಸಬೇಕು. ನೀವು ನನ್ನ ಜೊತೆ ಬರದಿದ್ರೂ ಮಾಡಿಸಲೇಬೇಕು, ಅದು ಅವರ ರೂಲು."

ಮೆಡಿಕಲ್ ಅಂದ ಕೂಡಲೇ ಅವನ ಮುಖ ಕಲ್ಲಾಯಿತು.

"ಮಾಡಿಸಲ್ಲ."

"ಏನು?"

"ಕಿವಿ ಕೇಳಿಸಲ್ವಾ? ಮಾಡಿಸಲ್ಲ. ಗಂಡನ ಹೆಸರೇ ತೆಗೆದು ಹಾಕು. ಜಮಾತ್‌ನವರ ಮುಂದೆ ಕೂತು ತಲಾಕ್ ಬರೆಸ್ಕೊಡ್ತೀನಿ. ಒಂಟಿ ಅಂತ ಬರ್ಕೊಂಡು ಹಾಯಾಗಿರು!"

ಕುಬ್ರಾ ಅಳಲಿಲ್ಲ. ಈ ಮನುಷ್ಯನ ಎದುರು ಅಳುವುದಾ? ಸಾಧ್ಯವೇ ಇಲ್ಲ!

"ಇಷ್ಟು ಸುಲಭಾನಾ?" ಎಂದಳು ಹಲ್ಲು ಕಚ್ಚಿ.

"ನಮ್ಮಬ್ಬಾನ ಮಣ್ಣಿಗೂ ಬರದೆ ಇರೋದು ನಿನಗೆ ಸುಲಭ ಆಯ್ತಲ್ಲ... ಹಂಗೇ ಇದೂನೂವೆ."

ಆ ಮಾತು ಎದೆಯೊಳಗೆ ಇಳಿದು ಅಲ್ಲೇ ನಿಂತಿತು. ಚೀಲ ಎತ್ತಿಕೊಂಡು ಬಿಸಿಲಿಗೆ ಇಳಿದಳು.

*

ಕೊಬ್ಬರಿ ಮಂಡಿಯ ಹಿಂದಿನ ಗಲ್ಲಿಯಲ್ಲಿ ಅವಳು ಸೊಸೆಯಾಗಿ ಕಾಲಿಟ್ಟ ಮನೆ. ಮಾವ ಪೀರ್ ಸಾಬ್ ಟೈಲರು. ಮನೆಯ ಮುಂಭಾಗದಲ್ಲೇ ಅವರ ಮಿಷನ್ನು. ಸೊಸೆ ನರ್ಸಿಂಗ್ ಹೋಮಿನ ಕೆಲಸಕ್ಕೆ ಹೊರಟರೆ ಮಿಷನ್ನು ನಿಲ್ಲಿಸಿ, "ಹುಷಾರು ಬೇಟಿ" ಅನ್ನದೆ ಅವರು ಕಳಿಸಿದವರಲ್ಲ.

2002ರಲ್ಲಿ ಕೆನಡಾದ ಕೆಲಸ ಸಿಕ್ಕಿತು. ಒಬ್ಬ ಹಣ್ಣು ಮುದುಕಿಯ ಮನೆಯಲ್ಲೇ ಇದ್ದು, ಸ್ನಾನ ಮಾಡಿಸಿ, ಉಣ್ಣಿಸಿ, ರಾತ್ರಿ ಕೂಗಿದರೆ ಎದ್ದು ನೋಡಿಕೊಳ್ಳುವ ಕೆಲಸ. ಗಲ್ಲಿಯೆಲ್ಲ ಗುಸುಗುಸು ಅಂದಾಗ ಪೀರ್ ಸಾಬರೇ, "ಹೋಗ್ಲಿ ಬುಡ್ರಪ್ಪ, ಮುದುಕರನ್ನ ನೋಡೋದು ಪುಣ್ಯದ ಕೆಲಸ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರು.

ಹೋದ ವರ್ಷ ಮುಂಗಾರಿನ ಹೊತ್ತಿಗೆ ಅವರು ಹೋಗಿಬಿಟ್ಟರು. ಕುಬ್ರಾ ಬರಲಿಲ್ಲ. ಅವತ್ತಿನಿಂದ ಮುಜಾಫರ್ ಅವಳ ಫೋನು ಎತ್ತಲಿಲ್ಲ.

ಈಗ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಅತ್ತೆ ಖತೀಜಾ ಬೀ ಬಾಗಿಲಿಗೆ ಅಡ್ಡ ನಿಂತಳು.

"ಸಲಾಮ್ ಅಮ್ಮಿ..."

"ಅಲ್ಲೇ ನಿಂತ್ಕೊಂಡು ಹೇಳು."

"ಅಮ್ಮಿ, ಒಳಗೂ ಬರಬಾರದಾ ನಾನು?"

"ಕಡೇ ದಿನ ನಿಮ್ಮ ಮಾವ ಕುಬ್ರಾ ಬಂದ್ಲಾ, ಕುಬ್ರಾ ಬಂದ್ಲಾ ಅಂತ ಬಾಗಿಲು ನೋಡ್ತಾ ಮಲಗಿದ್ರು. ಆಗ ಬರಬೇಕಿತ್ತು ಒಳಗೆ. ಮುಜಾಫರ್ ಫೋನ್ ಮಾಡಿದ್ದ. ಈಗ ನಿನ್ನ ದೇಶದ ಕಾಗದಕ್ಕೆ ಸಹಿ ಬೇಕು ಅಂತ ಬಂದ್ಯಾ?"

"ನಿಮ್ಮ ಮಗ ತಲಾಕ್ ಅಂದ್ರು..."

ಖತೀಜಾ ಬೀ ಒಂದು ಕ್ಷಣ ಬೆಚ್ಚಿದಂತೆ ಕಂಡಳು. ಆದರೆ ಮರುಕ್ಷಣವೇ ಸೆರಗು ಸರಿಮಾಡಿಕೊಂಡು, "ಅವನಿಗೆ ಏನು ಸರಿಯೋ ಅದು ಮಾಡ್ತಾನೆ. ನನ್ನ ಮಗನ್ನ ಅವನ ಪಾಡಿಗೆ ಬುಟ್ಬುಡು. ನೀನು ಹೋಗು ತಾಯಿ" ಎಂದು ಬಾಗಿಲು ಹಾಕಿಕೊಂಡಳು.

*ಹೋಗು ತಾಯಿ...* ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ!

ಸರಿ. ತಲಾಕ್ ತಾನೆ? ಆಗಲಿ! ಅವರು ಬೇಡ ಅಂದಮೇಲೆ ನಾನ್ಯಾಕೆ ಕಾಲು ಹಿಡೀಬೇಕು? ಗಲ್ಲಿ ದಾಟುವಷ್ಟರಲ್ಲಿ ಕುಬ್ರಾ ತೀರ್ಮಾನ ಮಾಡಿಯಾಗಿತ್ತು. ಆದರೆ ಯಾರಾದರೊಬ್ಬರ ಮುಂದೆ ಒಂದು ಸಲ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ ಎದೆ ಒಡೆದೇ ಹೋಗುತ್ತದೆ ಅನಿಸಿತು.

ವಿಮಲಮ್ಮ ನೆನಪಾದರು. ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಇಂಜೆಕ್ಷನ್ ಹಿಡಿಯುವುದನ್ನು ಕಲಿಸಿದ ಹಿರಿಯ ನರ್ಸು. ಈಗ ಸರ್ಕಾರಿ ಆಸ್ಪತ್ರೆಯಲ್ಲಿದ್ದಾರೆಂದು ಅಣ್ಣ ಹೇಳಿದ್ದ.

*

ಮಾರನೆಯ ದಿನ ಬೆಳಗ್ಗೆ ಆಸ್ಪತ್ರೆಯ ಹಿಂಬದಿಯ ಜಗಲಿಗೆ ಬಂದವಳು ಹಾಗೇ ನಿಂತುಬಿಟ್ಟಳು.

ಕಿಟಕಿಯ ಒಳಗಡೆ ವಿಮಲಮ್ಮ. ಹೊರಗಡೆ, ಬಾಯಿಗೆ ಕರ್ಚೀಫು ಹಿಡಿದುಕೊಂಡು ಮುಜಾಫರ್! ವಿಮಲಮ್ಮ ಹೆಸರು ಬರೆದ ಡಬ್ಬಿಯಿಂದ ಮಾತ್ರೆಗಳನ್ನು ಬಿಡಿಸಿ ಅವನ ಅಂಗೈಗೆ ಹಾಕಿದರು. "ನನ್ನ ಎದುರಿಗೇ ನುಂಗ್ಬೇಕು ಕಣಪ್ಪ" ಎಂದರು. ಅವನು ತಲೆ ಬಗ್ಗಿಸಿಕೊಂಡು ನುಂಗುತ್ತಿದ್ದ.

ಆ ಕೆಂಪು ಮಾತ್ರೆ, ಆ ಡಬ್ಬಿ, ನರ್ಸಿನ ಎದುರಲ್ಲೇ ನುಂಗುವ ಆ ಪದ್ಧತಿ... ಕುಬ್ರಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಟಿ.ಬಿ.!

ಇಳಿದ ಕೆನ್ನೆ. ಜೋತಾಡುವ ಅಂಗಿ. ಅವಳ ತುಟಿಯಿಂದ ಕಿತ್ತು ಎಸೆದ ಆ ಲೋಟ! ಯಾ ಅಲ್ಲಾ... ಅದು ದ್ವೇಷವಲ್ಲ!

ಕಣ್ಣು ತುಂಬಿಬಂತು. ಆದರೆ ಅದರ ಹಿಂದೆಯೇ, ಅದಕ್ಕಿಂತ ಜೋರಾಗಿ, ಸಿಟ್ಟು ಬಂತು.

ಅವಳನ್ನು ಕಂಡ ವಿಮಲಮ್ಮ ಗಾಬರಿಯಾಗಿ ಕಿಟಕಿ ಮುಚ್ಚಲು ಹೋದರು. ಅಷ್ಟರಲ್ಲಿ ಮುಜಾಫರ್ ತಿರುಗಿ ನೋಡಿದ. ಓಡಿಹೋಗಲು ದಾರಿ ಹುಡುಕುವವನಂತೆ ಅತ್ತಿತ್ತ ನೋಡಿ, ಕೊನೆಗೆ ಅಂಗಳದ ಬೇವಿನ ಮರದ ಕಡೆಗೆ ನಡೆದ. ಅವಳು ಬಿಡಲಿಲ್ಲ.

"ಯಾವಾಗಿಂದ?"

"ನಿನಗ್ಯಾಕೆ?"

"ಹೆಂಡ್ತಿ ಅನ್ನೋದು ಬುಡಿ. ನರ್ಸು ಕೇಳ್ತಾವ್ಳೆ, ಹೇಳಿ. ಯಾವಾಗಿಂದ?"

"...ಬಕ್ರೀದ್ ಆದ್ಮೇಲೆ."

"ನನಗೆ ಹೇಳ್ಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಮನೆಯವರಲ್ಲಿ ಒಬ್ಬನಿಗೆ ಟಿ.ಬಿ. ಇದ್ರೂ ಪೂರ್ತಿ ಅರ್ಜೀನೇ ಕಸಕ್ಕೆ ಹಾಕ್ತಾರಂತೆ. ಬೆಂಗಳೂರಿನ ಏಜೆಂಟೇ ಹೇಳ್ದ. ಎರಡು ವರ್ಷ ಆ ಮುದುಕಿಯ ಹೇಲು-ಉಚ್ಚೆ ಬಳಿದಿದ್ದೀಯ. ನನ್ನ ಎದೆಗೂಡಿಗೋಸ್ಕರ ಅದೆಲ್ಲ ನೀರುಪಾಲಾಗ್ಬೇಕಾ? ನನ್ನ ಹೆಸರು ಕಿತ್ತಾಕಿದ್ರೆ ನೀನಾದ್ರೂ..."

"ಅಂದ್ರೆ ಬೈದು ಬೈದು ಓಡಿಸೋ ಪ್ಲಾನು! ಬಹಳ ದೊಡ್ಡ ಮನುಷ್ಯರು ನೀವು!" ಅವಳ ಧ್ವನಿ ಏರಿತು. ಜಗಲಿಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. "ನನ್ನ ಬದುಕಿನ ತೀರ್ಮಾನ ನೀವೊಬ್ಬರೇ ಮಾಡಿಬಿಟ್ರಾ? ಆ ಏಜೆಂಟಿಗೆ ಏನು ಗೊತ್ತು? ಇದು ವಾಸಿ ಆಗೋ ಕಾಯಿಲೆ ಕಣ್ರೀ! ಫೈಲು ತಡ ಆಗುತ್ತೆ, ಅಷ್ಟೇ. ಮಾತ್ರೆ ಪೂರ್ತಿ ಮುಗಿಸಿ, ಕಫ, ಎಕ್ಸ್‌ರೇ ಸರಿ ಐತೆ ಅಂತ ತೋರಿಸಿದ್ರೆ ಮುಂದಕ್ಕೆ ಹೋಗುತ್ತೆ. ನನ್ನ ಪಕ್ಕದ ಮನೇಲಿ ಕೆಲಸ ಮಾಡೋ ಫಿಲಿಪೀನ್ಸ್ ಹುಡುಗಿಯ ಗಂಡಂಗೂ ಇದೇ ಆಗಿತ್ತು. ಈಗ ಅವನು ಅಲ್ಲೇ ಲಾರಿ ಓಡಿಸ್ತಾನೆ!"

ಮುಜಾಫರ್ ಕಣ್ಣು ಪಿಳಿಪಿಳಿ ಬಿಟ್ಟ.

"ಮತ್ತೆ ಆ ಲೋಟ! ಲೋಟದಿಂದ ಬರಲ್ಲ ಅದು, ಗಾಳೀಲಿ ಬರೋದು! ಅಷ್ಟೂ ತಿಳ್ಕೊಳ್ಳದೆ ನನ್ನ ಬಟ್ಟೆಯೆಲ್ಲ ನೆನೆಸಿದ್ರಿ!"

ಅಷ್ಟರಲ್ಲಿ ಅವಳಿಗೇ ಏನೋ ಹೊಳೆಯಿತು. ಮಾತು ನಿಲ್ಲಿಸಿ ಅವನ ಮುಖ ನೋಡಿದಳು.

"ತಡೀರಿ... ನೀವು ಏಜೆಂಟ್ ಹತ್ರ ಯಾಕೆ ಹೋಗಿದ್ರಿ?"

ಅವನು ಬೇರೆ ಕಡೆ ತಿರುಗಿದ.

"ಕೇಳ್ತಿದ್ದೀನಿ. ಫೋನು ಎತ್ತದೇ ಇದ್ದ ಮನುಷ್ಯ ಏಜೆಂಟ್ ಹತ್ರ ಯಾಕೆ ಹೋದ್ರಿ?"

"...ನಿನ್ನತ್ರ ಬರೋಕೆ ಏನೇನು ಬೇಕು ಅಂತ ಕೇಳೋಕೆ."

ಕುಬ್ರಾ ಒಂದು ಹೆಜ್ಜೆ ಹತ್ತಿರ ಬಂದಳು.

"ಸಿಟ್ಟು ಎಷ್ಟು ದಿನ ಇಟ್ಕೊಂಡಿರ್ಲಿ ಕಣೇ? ಫೋನು ರಿಂಗ್ ಆಗೋವಾಗ ಎತ್ತಬಾರದು ಅಂತ ಕೂತ್ಕೊಂಡಿರ್ತಿದ್ದೆ. ನಿಂತ್ಹೋದ್ಮೇಲೆ, ಇನ್ನೊಂದ್ಸಲ ಮಾಡ್ಲಿ ಅಂತ ಕಾಯ್ತಿದ್ದೆ. ಸಾಕಾಗಿ ಹೋಯ್ತು. ನಾನೇ ಹೋಗಿಬಿಡೋಣ ಅಂತ ಹೊರಟೆ. ಮೆಡಿಕಲ್ ಇರುತ್ತೆ, ಕೆಮ್ಮು ಐತಲ್ಲ, ಮೊದ್ಲೇ ತೋರಿಸ್ಕೋ ಅಂದ ಆ ಏಜೆಂಟು. ತೋರಿಸ್ದೆ... ಹಿಂಗಾಯ್ತು."

ಅವನು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಒಮ್ಮೆ ಕೆಮ್ಮಿದ.

"ಆದ್ರೆ ಕುಬ್ರಾ..." ಅವನ ಧ್ವನಿ ಮತ್ತೆ ಗಡುಸಾಯಿತು. "ಅಬ್ಬಾ ವಿಷ್ಯ ಮಾತ್ರ ನಂಗೆ ಇನ್ನೂ ನುಂಗೋಕಾಗಿಲ್ಲ. ಸುಳ್ಳು ಹೇಳ್ಬೇಡ. ನಿಜವಾಗ್ಲೂ ಬರೋಕೆ ಆಗ್ತಿರ್ಲಿಲ್ವಾ?"

ಈ ಪ್ರಶ್ನೆಗೆ ಅವಳು ಎಷ್ಟೋ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಕೆನಡಾದ ಅಜ್ಜಿಗೆ ಹುಷಾರಿರಲಿಲ್ಲ, ಟಿಕೆಟ್ ಸಿಗಲಿಲ್ಲ, ರಜೆ ಕೊಡಲಿಲ್ಲ... ಈಗ ಅದ್ಯಾವುದೂ ಬಾಯಿಗೆ ಬರಲಿಲ್ಲ.

"ಆಗ್ತಿತ್ತು."

ಅವನು ನೋಡಿದ.

"ಅಜ್ಜಿಯ ಮಗಳು ಹೋಗಿ ಬಾ ಅಂದಿದ್ರು. ನಾನೇ ಬರಲಿಲ್ಲ. ಹೋದ್ರೆ ಬೇರೆಯವರನ್ನ ಇಟ್ಕೊಂಡ್ರೆ? ಹೊಸ ಮನೆ ಹುಡುಕ್ಕೊಂಡು ಮತ್ತೆ ಶುರು ಮಾಡೋಷ್ಟ್ರಲ್ಲಿ ಎರಡು ವರ್ಷದ ಕೆಲಸ ಮುಗಿಸೋಕೆ ಅಲ್ಲಿನ ಸರ್ಕಾರ ಕೊಟ್ಟ ಗಡುವು ಮುಗಿದುಹೋದ್ರೆ? ಹೆದರಿದೆ. ಅಬ್ಬಾ ಹೋಗಿಬಿಟ್ರಲ್ಲ, ನಾನು ಹೋಗಿ ಏನು ಮಾಡಲಿ ಅಂತ ನನಗೇ ಸಮಾಧಾನ ಹೇಳ್ಕೊಂಡೆ." ತಡೆದಿಟ್ಟಿದ್ದ ಅಳು ಕಟ್ಟೆ ಒಡೆಯಿತು. "ತಪ್ಪು ಮಾಡಿದೆ ರೀ. ಆ ಅಜ್ಜಿಗೆ ಗಂಜಿ ಕುಡಿಸುವಾಗೆಲ್ಲ ಅಬ್ಬಾ ಮುಖ ಬರ್ತಿತ್ತು. ಯಾರದ್ದೋ ತಾಯಿಗೆ ಮಾಡ್ತಿದ್ದೀನಿ, ನಮ್ಮ ಮನೇಲಿ ಬೇಟಿ ಅಂದವರಿಗೆ ಒಂದು ತೊಟ್ಟು ನೀರು ಬಿಡಲಿಲ್ಲ ಅಂತ..."

ಮುಜಾಫರ್ ಅವಳ ಕಣ್ಣೀರು ಒರೆಸಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಪರವಾಗಿಲ್ಲದ ವಿಷಯವಲ್ಲ ಅದು.

ಆಮೇಲೆ ಮೆಲ್ಲಗೆ, "ನಡಿ" ಎಂದ.

"ಎಲ್ಲಿಗೆ?"

"ಅಬ್ಬಾ ಹತ್ರ."

ಅವರ ಕಡೆ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಕುಬ್ರಾ ಗೇಟಿನ ಕಂಬಿ ಹಿಡಿದು ಹೊರಗೇ ನಿಂತಳು. ದೂರದ ಗೋಡೆ ಪಕ್ಕ ಹುಲ್ಲು ಬೆಳೆದಿದ್ದ ಒಂದು ಮಣ್ಣಿನ ದಿಬ್ಬವನ್ನು ಅವನು ಬೆರಳಿಂದ ತೋರಿಸಿದ. ಅವಳು ಕೈ ಎತ್ತಿ ದುವಾ ಮಾಡಿದಳು. ಬಹಳ ಹೊತ್ತು ಮಾಡಿದಳು. ಅವನೂ ಒಳಗೆ ಹೋಗಲಿಲ್ಲ. ಗೇಟಿನ ಈಚೆಗೆ, ಅವಳ ಪಕ್ಕದಲ್ಲೇ ನಿಂತ.

ವಾಪಸ್ಸು ಮನೆಗೆ ಬಂದಾಗ ಖತೀಜಾ ಬೀ ಬಾಗಿಲು ತೆರೆದಳು. ಸೊಸೆಯ ಊದಿಕೊಂಡ ಕಣ್ಣು ನೋಡಿದಳು. ಮಗನ ಮುಖ ನೋಡಿದಳು.

"ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು ಅಮ್ಮಿ."

"ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದ." ಖತೀಜಾ ಬೀ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಮೇಲೆ ನಂಗೆ ಸಿಟ್ಟು ಐತೆ. ಇನ್ನೂ ಐತೆ. ಆದ್ರೆ ಹಸಿದು ಬಂದಿದ್ದೀಯ... ಒಳಗೆ ಬಾ, ಮುದ್ದೆ ಮಾಡಿದ್ದೀನಿ."

*

ಕುಬ್ರಾ ವಿಮಾನ ಹತ್ತುವ ಹಿಂದಿನ ವಾರ. ಬೇರೆ ಕಾಗದಗಳೆಲ್ಲ ಸೇರಿದ್ದವು. ಪೊಲೀಸ್ ಸ್ಟೇಷನ್ನಿನ ಸರ್ಟಿಫಿಕೇಟು, ನಿಕಾಹ್‌ನಾಮದ ಇಂಗ್ಲಿಷ್ ಪ್ರತಿ, ಎಲ್ಲಾ. ಉಳಿದಿದ್ದು ಮುಜಾಫರ್‌ನ ಫೋಟೊ.

ಅವನ ಮಾತ್ರೆ ಮುಗಿಯಲು ಇನ್ನೂ ಕಾಲವಿತ್ತು. ಅದಾದ ಮೇಲೆ ಪರೀಕ್ಷೆ, ಅದಾದ ಮೇಲೆ ಕಾಯುವುದು. ಅರ್ಜಿ ಮಾತ್ರ ಈಗಲೇ ಹೋಗಬೇಕು.

"ಕೆನಡಾ ಹಿಡಿಸದೆ ಹೋದ್ರೆ ವಾಪಸ್ ಬತ್ತೀನಿ, ಈಗ್ಲೇ ಹೇಳಿದ್ದೀನಿ" ಎಂದ ಸ್ಟುಡಿಯೊದ ದಾರಿಯಲ್ಲಿ.

"ಬನ್ನಿ. ಆಗ ನಾನೂ ಜೊತೆಗೆ ಬತ್ತೀನಿ."

"ಪಿ.ಆರ್. ಬಿಟ್ಟು?"

"ಒಂದ್ಸಲ ಹೆದರ್ಕೊಂಡು ಮಾಡಿದ ತಪ್ಪು ಇನ್ನೊಂದ್ಸಲ ಮಾಡಲ್ಲ."

ಸ್ಟುಡಿಯೊದ ಆಂಜನಪ್ಪ ಬಿಳಿ ಪರದೆ ಇಳಿಬಿಟ್ಟು ಸ್ಟೂಲು ತೋರಿಸಿದ. ಮುಜಾಫರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಕೂತ. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಕುಬ್ರಾ ಕ್ಯಾಮರಾದ ಹಿಂದೆ ನಿಂತಳು.

"ನಗಬಾರದು ಸಾರ್" ಎಂದ ಆಂಜನಪ್ಪ. "ವೀಸಾ ಫೋಟೊದಲ್ಲಿ ನಗು ಇದ್ರೆ ವಾಪಸ್ ಕಳಿಸ್ತಾರೆ. ಹಂಗೇ ಸೀದಾ ನೋಡಿ."

ಮುಜಾಫರ್ ಸೀದಾ ನೋಡಿದ. ಸೀದಾ ಅಂದರೆ ಅಲ್ಲಿ ಕುಬ್ರಾ ಇದ್ದಳು. ತುಟಿ ಒಂದು ಕಡೆಗೆ ಸರಿಯಿತು.

"ಸಾರ್! ನಗಬೇಡಿ ಅಂದೆ!"

"ಇಲ್ಲ ಇಲ್ಲ, ಈಗ ತೆಗೀರಿ."

ಮತ್ತೆ ಅದೇ ಕತೆ. ಮೂರನೆಯ ಸಲಕ್ಕೆ ಆಂಜನಪ್ಪ ಕ್ಯಾಮರಾದಿಂದ ಮುಖ ಎತ್ತಿ, "ಏನ್ ಸಾರ್ ನೀವು, ನೆಗೆಟಿವ್ ದಂಡ ಮಾಡ್ತಿದ್ದೀರ! ಮೇಡಮ್ಮು, ನೀವು ಸ್ವಲ್ಪ ಹೊರಗೆ ನಿಂತ್ಕೊಳ್ಳಿ" ಎಂದ.

ಕುಬ್ರಾ ಬಾಗಿಲ ಕಡೆ ಹೊರಟಳು.

"ಲೇ ಕುಬ್ರಾ, ಎಲ್ಲಿಗೆ?"

"ಹೊರಗೆ. ನಾನಿದ್ರೆ ನಿಮಗೆ ನಗು ಬರುತ್ತಂತಲ್ಲ."

"ಹೋಗ್ಬೇಡ."

"ಫೋಟೊ ಕೆಡುತ್ತೆ ರೀ..."

"ಕೆಟ್ರೆ ಕೆಡ್ಲಿ, ಇನ್ನೊಂದು ತೆಗೀತಾರೆ. ನೀನು ಇಲ್ಲೇ ನಿಂತ್ಕೋ."

ಅವಳು ನಿಂತಳು.