ಆರು ಡಾಲರಿನ ನೀರು

ಕ್ಲೈವ್ ಗಾರ್ಡಿನರ್ ಬಾಟಲಿಯನ್ನು ಬಾಯಿಂದ ತೆಗೆದಾಗ ಅವನ ಮುಖ ಬಿಳಿಚಿಕೊಂಡಿತ್ತು. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡಿತೆಂದು ತಿಳಿದು, ಬಾಗಿಲಲ್ಲಿ ನಿಂತಿದ್ದ ಗ್ವೆಂಡಾ ಅವನ ಬೆನ್ನು ತಟ್ಟಲು ಮುಂದೆ ಬಂದಳು.

"ನೀರಲ್ಲ ಇದು," ಅಂದ ಕ್ಲೈವ್. "ಗ್ವೆಂಡಾ, ಇದು ನೀರಲ್ಲ ಕಣೇ. ಒಂದ್ ಗುಟುಕು ಒಳಗೆ ಇಳಿದೋಯ್ತು."

ಅವಳು ಬಾಟಲಿ ಇಸಿದುಕೊಂಡು ಮೂಸಿದಳು. ವೋಡ್ಕಾ.

ಸದರ್ನ್ ಪ್ಲೋವರ್ ಹಡಗು ಸಿಡ್ನಿ ಬಿಟ್ಟು ಅಂದಿಗೆ ಐದನೇ ದಿನ. ಡಬ್ಬೊ ಊರಿನ ಕಡೆ ಕುರಿಗಳ ಉಣ್ಣೆ ಕತ್ತರಿಸಿ ಬದುಕಿದ ಕ್ಲೈವ್ ಕುಡಿತ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದನ್ನವನು ಮುಚ್ಚಿಡುತ್ತಿರಲಿಲ್ಲ. ದಿನಾ ಸಂಜೆ ಊಟದ ಮೇಜಿನಲ್ಲಿ ಹೆಂಡತಿ ನೊಲೀನ್ "ಊದು" ಅನ್ನುವಳು, ಅವನು ಅವಳ ಮೂಗಿನ ಹತ್ತಿರ ಊದುವನು, ಸುತ್ತಲಿನವರು ನಗುವರು. ಹಡಗಿನಲ್ಲಿ ಅವನು ಇನ್ನೊಂದಕ್ಕೂ ಹೆಸರಾಗಿದ್ದ. ಪ್ರತಿ ಕೋಣೆಯ ತಟ್ಟೆಯಲ್ಲಿ ಎರಡೆರಡು ನೀರಿನ ಬಾಟಲಿ ಇರುತ್ತಿದ್ದವು, ಕುತ್ತಿಗೆಗೆ ಬೆಲೆಯ ಚೀಟಿ ನೇತುಹಾಕಿಕೊಂಡು. ಮುಚ್ಚಳ ತೆರೆದರೆ ಆರು ಡಾಲರ್. ಊರಿನ ಅಂಗಡಿಯಲ್ಲಿ ಅದೇ ಬಾಟಲಿ, ಅದೇ ಲೇಬಲ್, ಒಂದೂವರೆ ಡಾಲರಿಗೆ ಸಿಗುತ್ತದೆ. "ಆರು ಡಾಲರ್ ಕೊಟ್ಟು ನೀರು ಕುಡಿಯೋ ಬದ್ಲು ಸಮುದ್ರಾನೇ ಕುಡೀತೀನಿ," ಎಂದು ಸಾರಿಕೊಂಡು ಕ್ಲೈವ್ ತನ್ನ ತಗಡಿನ ಲೋಟ ಹಿಡಿದು ಊಟದ ಕೋಣೆಯ ನಲ್ಲಿಗೆ ನಡೆಯುತ್ತಿದ್ದ.

ಆ ಬೆಳಿಗ್ಗೆ ಅವನ ಅದೃಷ್ಟ ಖುಲಾಯಿಸಿತ್ತು. ಗ್ವೆಂಡಾ ಹಡಗಿನ ಗ್ರಂಥಾಲಯ ನೋಡಿಕೊಳ್ಳುವವಳು. ರಸಪ್ರಶ್ನೆ ನಡೆಸುವುದೂ ಅವಳದೇ ಕೆಲಸ. ಕ್ಲೈವ್ ಮತ್ತವನ ಹಳೆಯ ಗೆಳೆಯ ಡೆಸ್ ಹಾರ್ಗನ್ ಗೆದ್ದರು. ಬಹುಮಾನ ಒಂದು ನೀಲಿ ಚೀಟಿ. ಅದನ್ನು ಕೋಣೆಯ ಕಾರ್ಡಿಗೆ ಅಂಟಿಸಿಕೊಂಡರೆ ಪ್ರಯಾಣ ಮುಗಿಯುವವರೆಗೆ ಬಾಟಲಿ ನೀರು, ಕೋಲಾ, ನಿಂಬೆ ಸೋಡಾ ಎಲ್ಲ ಪುಕ್ಕಟೆ. "ನೀನೇ ಇಟ್ಕೋ ಮಾರಾಯ, ನಂಗೆ ಬೇರೆ ನೀರಿದೆ," ಎಂದು ಡೆಸ್ ಕಣ್ಣು ಹೊಡೆದ. ನಲವತ್ತು ಜನ ಚಪ್ಪಾಳೆ ತಟ್ಟಿದರು. ಗ್ವೆಂಡಾ ಆ ಚೀಟಿಯನ್ನು ತಾನೇ ಅವನ ಕಾರ್ಡಿಗೆ ಅಂಟಿಸಿ, "ಕೋಣೇಲಿರೋ ಬಾಟ್ಲಿಗೂ ಇನ್ಮೇಲೆ ದುಡ್ಡಿಲ್ಲ, ಹೋಗಿ ಕುಡಿ," ಅಂದಿದ್ದಳು. ಅವನು ಓದಿ ಮುಗಿಸಿದ್ದ ಪುಸ್ತಕ ಇಸಿದುಕೊಳ್ಳಲು ಜೊತೆಗೇ ಬಂದಿದ್ದಳು.

ಹಡಗಿನ ಪಾರ್ಲರಿನಲ್ಲಿ ಕೂದಲು ಸುರುಳಿ ಮಾಡಿಸಿಕೊಂಡ ನೊಲೀನ್ ಆಗಲೇ ಒಳಗೆ ಬಂದಳು, ಎಂದಿನಂತೆ ಪೆಪ್ಪರ್‌ಮಿಂಟ್ ಚೀಪುತ್ತ. ಗಂಡನ ಕೈ, ತಟ್ಟೆ, ಗ್ವೆಂಡಾಳ ಕೈಯ ಬಾಟಲಿ, ಮೂರನ್ನೂ ನೋಡಿದಳು.

"ಅದನ್ನ ಯಾಕ್ ತೆಗ್ದೆ?" ಅಂದಳು.

"ನೊಲೀನ್, ಅದ್ರಲ್ಲಿ..."

ಅವಳು ಬಾಟಲಿ ಮೂಸಿದಳು. ಆಮೇಲೆ ಧ್ವನಿ ಬೇರೆಯಾಯಿತು. "ಒಂಬತ್ತು ವರ್ಷದ ಹಿಂದೆ ಹೇಳಿದ್ದೆ ತಾನೆ, ಒಂದ್ ತೊಟ್ಟು ಮುಟ್ಟಿದ್ರೂ ನಾನಿರಲ್ಲ ಅಂತ. ಇಲ್ಲಿ ತಂದು ಬಚ್ಚಿಟ್ಟಿದೀಯ. ನಾಳೆ ನೌಮಿಯಾ ಬಂದರಲ್ಲಿ ಇಳಿದು ವಿಮಾನ ಹತ್ತುತೀನಿ. ಮೂವತ್ತೊಂದು ವರ್ಷದ ಸಂಸಾರ, ಸಾಕು."

ಕ್ಲೈವ್ ಹಾಸಿಗೆಯ ಅಂಚಿನಲ್ಲಿ ಕುಳಿತು ತನ್ನ ಅಂಗೈ ನೋಡಿಕೊಂಡ.

ಹೊರಗೆ ಬಂದ ಮೇಲೆ ಗ್ವೆಂಡಾ ನೊಲೀನಳ ಭುಜ ಹಿಡಿದಳು. ಗ್ವೆಂಡಾಳ ಅಪ್ಪನೂ ಕುಡುಕ. ಪ್ರತಿ ಕ್ರಿಸ್‌ಮಸ್‌ಗೂ ಬಿಟ್ಟೆ ಎಂದು ಆಣೆ ಇಟ್ಟು ಹೊಸ ವರ್ಷಕ್ಕೆ ಶುರುಮಾಡುತ್ತಿದ್ದವನು. ಅದೇ ನೆನಪಿನಲ್ಲಿ ಅವಳ ಬಾಯಿಂದ ಮಾತು ಜಾರಿತು: "ಬೇಜಾರ್ ಮಾಡ್ಕೋಬೇಡ. ನಾಯಿ ಬಾಲ ಯಾವತ್ತಿದ್ರೂ ಡೊಂಕೇ." ನೊಲೀನ್ ಅವಳಿಗೊಂದು ಪೆಪ್ಪರ್‌ಮಿಂಟ್ ಕೊಟ್ಟಳು. ಹಿಂದೆ ಕ್ಲೈವ್‌ನ ಕೋಣೆಯ ಬಾಗಿಲು ತೆರೆದೇ ಇತ್ತೆಂಬುದು ಗ್ವೆಂಡಾಳಿಗೆ ಹೊಳೆದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ.

ಅವಳು ಬಾಟಲಿಯೊಂದಿಗೆ ನೇರವಾಗಿ ಮಿಸ್ ಊನಾ ಪೆಂಡರ್ ಬಳಿಗೆ ಹೋದಳು. ಊನಾ ಮೂವತ್ತು ವರ್ಷ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಜನರ ಪೆಟ್ಟಿಗೆ ಬಿಚ್ಚಿಸಿ, ಕಾಲುಚೀಲದಲ್ಲಿ ಅಡಗಿಸಿದ ಮಾವಿನ ವಾಟೆ, ಹ್ಯಾಟಿನೊಳಗಿನ ಸಾಸೇಜು ಹಿಡಿದವಳು. ನಿವೃತ್ತಿಯಾದ ಮೇಲೆ ಫ್ಲಾಟು ಮಾರಿ ಈ ಹಡಗನ್ನೇ ಮನೆ ಮಾಡಿಕೊಂಡಿದ್ದಳು. ಅದು ಆರನೇ ವರ್ಷ. ಕಳೆದುಹೋದ ಉಂಗುರದಿಂದ ಹಿಡಿದು ಹಡಗಿನ ಯಾವ ಗೋಜಲಿದ್ದರೂ ಅಧಿಕಾರಿಗಳೇ ಗ್ರಂಥಾಲಯದ ಕಿಟಕಿ ಪಕ್ಕದ ಅವಳ ಕುರ್ಚಿಗೆ ಬರುತ್ತಿದ್ದರು. ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂರುವುದು ಗ್ವೆಂಡಾಳ ಹಕ್ಕು.

ಊನಾ ಎಲ್ಲ ಕೇಳಿ, "ಅವನು ಕುಡ್ದಾಗ ನೀನೆಲ್ಲಿದ್ದೆ?" ಅಂದಳು.

"ಬಾಗಿಲಲ್ಲಿ."

"ನೀನಿರೋದು ಅವನಿಗೆ ಗೊತ್ತಿತ್ತಾ?"

"ನನ್ ಜೊತೆ ಮಾತಾಡ್ತಾನೇ ಮುಚ್ಚಳ ತಿರುಗಿಸ್ದ. 'ಇವತ್ತು ಶ್ರೀಮಂತರ ನೀರು' ಅಂತ ನಗ್ತಿದ್ದ."

"ಹೊಸ ಬಾಟ್ಲಿ ತೆಗೆದ್ರೆ ಟಕ್ ಅನ್ನುತ್ತಲ್ಲ, ಹಾಗೆ ಸದ್ದಾಯ್ತಾ?"

ಗ್ವೆಂಡಾ ನೆನಪು ಮಾಡಿಕೊಂಡಳು. ಸದ್ದಾಗಿರಲಿಲ್ಲ.

"ಇಷ್ಟು ನೋಡಿನೂ ನಾಯಿ ಬಾಲ ಅಂದೆ," ಅಂದಳು ಊನಾ. ಬೈಯುವ ಧ್ವನಿಯಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಗ್ವೆಂಡಾಳ ಕಿವಿ ಕೆಂಪಾದವು.

ಊನಾ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. "ಸಪ್ಪೆ. ಅರ್ಧಕ್ಕರ್ಧ ನಲ್ಲಿ ನೀರು." ಅಷ್ಟು ಹೇಳಿ ಡೆಸ್‌ನನ್ನು ಕರೆಸಿದಳು.

ರಸಪ್ರಶ್ನೆ ಮುಗಿದೊಡನೆ ಡೆಸ್ ಎದ್ದು ಹೋಗಿದ್ದನ್ನು ಎಲ್ಲರೂ ನೋಡಿದ್ದರು. ಮೊದಲು ಅವನು ಹಾರಾಡಿದ, ಆಮೇಲೆ ತಲೆ ತಗ್ಗಿಸಿದ. "ಬಾಯಿ ಮುಕ್ಕಳಿಸೋ ಔಷಧಿ ಬಾಟ್ಲೀಲಿ ರಮ್ ತಂದಿದೀನಿ, ಹಸಿರು ಬಣ್ಣ ಹಾಕಿ. ಒಂದ್ ಗುಟುಕು ಹಾಕಕ್ಕೆ ಹೋಗಿದ್ದೆ. ಹಡಗಿನ ಬಾರಲ್ಲಿ ಕೇಳೋ ರೇಟು ಕೊಡಕ್ಕೆ ನಾನೇನ್ ಬ್ಯಾಂಕಾ? ಆದ್ರೆ ಕ್ಲೈವ್ ಲೋಟಕ್ಕೆ ಕೈ ಹಾಕೋ ಅಷ್ಟು ಕೆಟ್ಟೋನಲ್ಲಮ್ಮ. ಅವನನ್ನ ಚರಂಡಿಯಿಂದ ಎತ್ತಿ ಮನೆಗೆ ಹೊತ್ತೋನು ನಾನು."

ಮುಂದೆ ಬಂದವನು ಅರ್ನೆಲ್. ಇಲೊಯಿಲೊ ಎಂಬ ದೂರದೂರಿನವನು, ಆ ಕೋಣೆಗಳನ್ನು ದಿನಾ ಚೊಕ್ಕಟ ಮಾಡುವವನು. ತನ್ನ ಕುತ್ತಿಗೆಗೇ ಬರುತ್ತದೆಂದು ಹೆದರಿದ್ದ.

"ಮ್ಯಾಡಂ, ಬಾಟಲಿ ಎರಡೇ, ಯಾವತ್ತೂ ಎರಡೇ. ನಾನು ಬೆಲೆ ಚೀಟೀನ ಮುಂದಕ್ಕೆ ಕಾಣೋ ಹಾಗೆ ಹಾಕ್ತೀನಿ. ಎರಡನೇ ದಿನ ನೋಡಿದ್ರೆ ಒಂದು ಗೋಡೆ ಕಡೆ ತಿರುಗಿತ್ತು. ಸರಿ ಮಾಡ್ದೆ. ಮಾರನೇ ದಿನ ಮತ್ತೆ ತಿರುಗಿತ್ತು. ದಿನಾನೂ ಹಂಗೇ. ಬಾಟಲಿ ತುಂಬಿನೇ ಇತ್ತಲ್ಲ, ಅದಕ್ಕೆ ಸುಮ್ನಿದ್ದೆ."

ಊನಾ ಚಹಾ ಕೆಳಗಿಟ್ಟಳು. "ಕ್ಲೈವ್‌ನ ಕೇಳಿ ಅವನ ಕೋಣೆಗೆ ಹೋಗು. ಬೀರುವಿನ ಮೇಲಿನ ಅಂಕಣದಲ್ಲಿ ಜೀವರಕ್ಷಕ ಅಂಗಿಗಳಿವೆಯಲ್ಲ, ಅವುಗಳ ಹಿಂದೆ ಕೈ ಹಾಕು. ಸಿಕ್ಕಿದ್ದನ್ನ ಟವೆಲಲ್ಲಿ ಸುತ್ಕೊಂಡು ಬಾ." ಗ್ವೆಂಡಾಳ ಕಡೆ ತಿರುಗಿ, "ನಾಲ್ಕು ಗಂಟೆಗೆ ಎಲ್ಲರೂ ಇಲ್ಲಿರಲಿ. ಬಾಗಿಲು ಹಾಕು. ನೋಡೋ ಜನ ಬೇಡ," ಅಂದಳು.

ನಾಲ್ಕಕ್ಕೆ ಐದು ಕುರ್ಚಿ ಹಾಕಿದರು. ಅರ್ನೆಲ್ ಮಾತ್ರ ಟವೆಲ್ ಸುತ್ತಿದ ವಸ್ತು ಹಿಡಿದು ನಿಂತೇ ಇದ್ದ. ಕ್ಲೈವ್ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತ. ನೊಲೀನ್ ಅವನಿಂದ ದೂರದ್ದನ್ನು ಆರಿಸಿಕೊಂಡಳು. ಗ್ವೆಂಡಾ ಇಬ್ಬರ ಮುಖವನ್ನೂ ನೋಡಲಾರದೆ ಚಹಾದ ಲೋಟಗಳನ್ನು ಜೋಡಿಸಿದ್ದೇ ಜೋಡಿಸಿದಳು.

"ಬೆಳಿಗ್ಗೆಯಿಂದ ಎಲ್ಲರೂ ಒಂದೇ ಪ್ರಶ್ನೆ ಹಿಡ್ಕೊಂಡಿದೀರ, ಕ್ಲೈವ್‌ಗೆ ಕುಡಿಸಿದ್ಯಾರು ಅಂತ," ಊನಾ ಶುರುಮಾಡಿದಳು. "ಪ್ರಶ್ನೆಯೇ ತಪ್ಪು. ಕ್ಲೈವ್ ಬಾಟ್ಲಿ ನೀರಿಗೆ ದುಡ್ಡು ಕೊಡಲ್ಲ ಅಂತ ಇಡೀ ಹಡಗಿಗೆ ಗೊತ್ತು. ಬೆಲೆ ಚೀಟಿ ಇರೋ ಬಾಟ್ಲೀನ ಅವನು ಸತ್ರೂ ಮುಟ್ಟಲ್ಲ. ಅವನಿಗೆ ಕುಡಿಸ್ಬೇಕು ಅನ್ನೋರು ಅದ್ರಲ್ಲಿ ತುಂಬ್ತಿದ್ರಾ?"

"ಆದ್ರೆ ಇವತ್ತು ನೀಲಿ ಚೀಟಿ ಸಿಕ್ತಲ್ಲ," ಅಂದ ಡೆಸ್.

"ಸಿಕ್ಕಿದ್ದು ಇವತ್ತು. ಬಾಟ್ಲಿ ಅಲ್ಲಿರೋದು ಎರಡನೇ ದಿನದಿಂದ. ಅವತ್ತಿಂದ ಅದರ ಚೀಟಿ ದಿನಾ ತಿರುಗ್ತಿತ್ತು, ಅರ್ನೆಲ್ ದಿನಾ ಸರಿ ಮಾಡ್ತಿದ್ದ. ಅಂದ್ರೆ ದಿನಾ ಯಾರೋ ಅದನ್ನ ಎತ್ತಿ ಮತ್ತೆ ಇಡ್ತಿದ್ರು. ಒಳಗಿರೋದು ಸಪ್ಪೆ, ಅರ್ಧ ನಲ್ಲಿ ನೀರು. ಕುಡಿದಷ್ಟು ನೀರು ಸುರಿದು ತುಂಬಿಸಿಟ್ಟಿದಾರೆ. ಇದು ತಮಾಷೆ ಮಾಡೋರ ಕೆಲಸ ಅಲ್ಲ. ಅದನ್ನ ದಿನಾ ಕುಡಿಯೋರ ಕೆಲಸ. ಡೆಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಆ ಕೋಣೆ ಬೀಗದ ಕಾರ್ಡು ಅವನ ಹತ್ರ ಇಲ್ಲ."

"ಹಾಗಾದ್ರೆ ನಾನೇ," ಅಂದ ಕ್ಲೈವ್ ಮೆಲ್ಲಗೆ.

"ನೀನಾಗಿದ್ರೆ, ಒಳಗೇನಿದೆ ಅಂತ ಗೊತ್ತಿದ್ದೂ, ಗ್ವೆಂಡಾನ ಎದುರಿಗೆ ನಿಲ್ಲಿಸ್ಕೊಂಡು ಅದ್ರಲ್ಲಿ ಮಾತ್ರೆ ನುಂಗ್ತಿದ್ಯಾ? ಅರ್ನೆಲ್‌ಗಾದ್ರೆ ಬಚ್ಚಿಡಕ್ಕೆ ಹಡಗೇ ಇದೆ, ಪ್ರಯಾಣಿಕರ ಮೇಜು ಬೇಕಿಲ್ಲ." ಊನಾ ಕೈ ಚಾಚಿದಳು. ಅರ್ನೆಲ್ ಟವೆಲ್ ಬಿಚ್ಚಿ ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇಟ್ಟ. ಮುಚ್ಚಳದ ಕೆಳಗಿನ ಬಳೆ ಒಡೆದಿರಲಿಲ್ಲ, ಕುತ್ತಿಗೆಗೆ ಬೆಲೆಯ ಚೀಟಿ ಇರಲಿಲ್ಲ. "ಇದು ಹಡಗಿನ ನಿಜವಾದ ಬಾಟ್ಲಿ. ಯಾರೂ ಕೈ ಹಾಕದ ಜಾಗ ಅಂತ ಜೀವರಕ್ಷಕ ಅಂಗಿ ಹಿಂದೆ ಇಟ್ಟಿದ್ರು. ಇದರ ಚೀಟಿ ತೆಗೆದು ಮನೆಯಿಂದ ತಂದ ಬಾಟ್ಲಿಗೆ ಹಾಕಿದಾರೆ. ಮೂರು ಕಂಡ್ರೆ ಅನುಮಾನ, ಅದಕ್ಕೆ ಇದನ್ನ ಒಳಗೆ ತಳ್ಳಿದಾರೆ. ಕ್ಲೈವ್ ಕಣ್ಣೆದುರೇ ಇರೋ, ಆದ್ರೆ ಕ್ಲೈವ್ ಯಾವತ್ತೂ ಮುಟ್ಟದೇ ಇರೋ ಜಾಗ ಆ ಕೋಣೇಲಿ ಒಂದೇ. ಆರು ಡಾಲರ್ ಚೀಟಿಯ ಹಿಂದೆ. ಅವನ ಸ್ವಭಾವ ಅಷ್ಟು ಚೆನ್ನಾಗಿ ಬಲ್ಲೋರು, ಇವತ್ತು ಆ ಚೀಟಿಗೆ ಬೆಲೆ ಇಲ್ಲದೇ ಹೋಯ್ತು ಅಂತ ಮಾತ್ರ ತಿಳೀದೇ ಇದ್ದೋರು. ನಲವತ್ತು ಜನ ಚಪ್ಪಾಳೆ ತಟ್ಟೋವಾಗ ಅಲ್ಲಿ ಇಲ್ಲದೇ ಇದ್ದೋರು."

ಗ್ವೆಂಡಾಳ ಕೈಯ ಲೋಟ ತಟ್ಟೆಗೆ ತಾಗಿ ಸದ್ದಾಯಿತು. 'ಏನು ಕುಡ್ದೆ' ಅಂದಿರಲಿಲ್ಲ ನೊಲೀನ್. 'ಅದನ್ನ ಯಾಕ್ ತೆಗ್ದೆ' ಅಂದಿದ್ದಳು. ಬಾಟಲಿಯನ್ನು ಮೂಸುವುದಕ್ಕೆ ಮೊದಲೇ. ಆ ಮಾತನ್ನು ಕಿವಿಯಾರೆ ಕೇಳಿ, ಪೆಪ್ಪರ್‌ಮಿಂಟ್ ತಿಂದು ಬಂದಿದ್ದಳು ತಾನು.

"ಇನ್ನು ಮುಂದಿನದು ಹೇಳಬೇಕಾದೋಳು ನಾನಲ್ಲ," ಅಂದಳು ಊನಾ.

ನೊಲೀನಳ ಹೊಸ ಸುರುಳಿಗಳ ಕೆಳಗೆ ಕುತ್ತಿಗೆಯೆಲ್ಲ ಕೆಂಪೇರಿತ್ತು.

"ಬಾರಲ್ಲಿ ತಗೊಂಡ್ರೆ ಕೋಣೆ ಬಿಲ್ಲಲ್ಲಿ ಬರುತ್ತೆ," ಅಂದಳು ನೆಲ ನೋಡುತ್ತ. "ಕ್ಲೈವ್ ಬಿಲ್ಲಿನ ಒಂದೊಂದು ಸಾಲೂ ಓದ್ತಾನೆ. ಅದಕ್ಕೇ ಮನೆಯಿಂದ ತಂದೆ. ಕುಡಿದಷ್ಟು ನೀರು ಸುರಿದು ದಿನ ತಳ್ಳಿದೆ."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ನೊಲೀನ್?" ಕ್ಲೈವ್ ಕೇಳಿದ.

"ನಾಚ್ಕೆ ಆಯ್ತು. ಗ್ವೆಂಡಾ ನಿಂತಿದ್ಲು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಹೇಳಿದ ಮೇಲೆ ವಾಪಸ್ ತಗೊಳ್ಳೋದು ಹೇಗೆ? ನಿನ್ನ ಬಿಟ್ಟು ವಿಮಾನ ಹತ್ತೋದೇ ಸುಲಭ ಅನ್ನಿಸ್ತು."

"ಎಷ್ಟು ದಿನದಿಂದ?"

"ನೀನು ಬಿಟ್ಟ ಮುಂದಿನ ವರ್ಷದಿಂದ. ನೀನು ಯಾವ ಸ್ಥಿತೀಲಿ ಬರ್ತೀಯೋ ಅಂತ ಇಪ್ಪತ್ತು ವರ್ಷ ಕಿಟಕಿ ಹತ್ರ ಕಾದೆ. ನೀನು ಕುಡಿಯೋದು ಬಿಟ್ಟೆ, ನಂಗೆ ಕಾಯೋದು ಬಿಡಕ್ಕಾಗ್ಲಿಲ್ಲ. ಸಂಜೆ ಆದ್ರೆ ಎದೆ ಹೊಡ್ಕೊಳ್ಳೋದು. ಒಂದ್ ಲೋಟ ತಗೊಂಡ್ರೆ ನಿಲ್ಲೋದು."

ಕ್ಲೈವ್ ಬೋಳು ತಲೆ ಸವರಿಕೊಂಡ. "ದಿನಾ ಸಂಜೆ ಊದು ಅಂತಿದ್ದೆ. ಒಂಬತ್ತು ವರ್ಷ ಊದಿದೀನಿ. ನಿನ್ನ ಬಾಯಿ ನಾನ್ ಒಂದಿನಾನೂ ಮೂಸ್ಲಿಲ್ಲ."

ಅವಳು ಮುಖ ಮುಚ್ಚಿಕೊಂಡಳು. ಡೆಸ್ ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ಇನ್ನು ಸುಮ್ಮನಿದ್ದರೆ ಎಂದೂ ಬಾಯಿ ಬರುವುದಿಲ್ಲವೆಂದು ಗ್ವೆಂಡಾಳಿಗೆ ಗೊತ್ತಿತ್ತು.

"ಕ್ಲೈವ್, ಬೆಳಿಗ್ಗೆ ನಾನೊಂದು ಮಾತಂದೆ..."

"ಕೇಳಿಸ್ತು."

"ಕಣ್ಣಾರೆ ನೋಡಿನೂ ಅಂದೆ. ಕ್ಷಮಿಸು."

"ಇರ್ಲಿ ಬಿಡು. ನೀನು ಹಾಗಂದ ಮೇಲೆ ನಾನೇ ಇಟ್ಟು ಮರ್ತಿದೀನೇನೋ ಅಂತ ಒಂದ್ ಗಂಟೆ ಕೂತು ಯೋಚ್ನೆ ಮಾಡ್ದೆ. ನನ್ ಮೇಲೆ ನಂಗೇ ನಂಬಿಕೆ ಇಲ್ಲ, ನಿಂಗೆಲ್ಲಿಂದ ಬರ್ಬೇಕು?"

ಅವನು ಬೈದಿದ್ದರೆ ಗ್ವೆಂಡಾ ತಡೆದುಕೊಳ್ಳುತ್ತಿದ್ದಳು. ಕ್ಲೈವ್ ಕಾರ್ಡು ತೆಗೆದು, ಉಗುರಿನಿಂದ ಆ ನೀಲಿ ಚೀಟಿಯನ್ನು ಕೆರೆದು ಕಿತ್ತು ಅವಳ ಅಂಗೈಯಲ್ಲಿಟ್ಟ.

"ಪುಕ್ಕಟೆ ನೀರು ನಂಗಾಗಿ ಬರಲ್ಲ. ಬೇರೆ ಯಾರಿಗಾದ್ರೂ ಕೊಡು." ಮೇಜಿನ ಮೇಲಿದ್ದ ಬಾಟಲಿಯನ್ನು ಎತ್ತಿಕೊಂಡು ಅರ್ನೆಲ್‌ನ ಕಡೆ ನೋಡಿದ. "ಇದನ್ನ ನನ್ನ ಬಿಲ್ಲಿಗೆ ಹಾಕಪ್ಪ."

ಮುಚ್ಚಳ ತಿರುಗಿಸಿದಾಗ ಟಕ್ಕೆಂದಿತು. ಚಹಾದ ಎರಡು ಖಾಲಿ ಲೋಟಗಳಿಗೆ ಸುರಿದು, ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಹೆಂಡತಿಯ ಪಕ್ಕ ಹಾಕಿದ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದಳು. ಲೋಟ ವಾಲಿ ಒಂದಿಷ್ಟು ನೀರು ಮಡಿಲಿಗೆ ಬಿತ್ತು.

"ನಿಧಾನ," ಅಂದ ಕ್ಲೈವ್, ಲೋಟದ ತಳಕ್ಕೆ ತನ್ನ ಕೈ ಕೊಡುತ್ತ. "ಆರು ಡಾಲರ್‌ದು ಕಣೇ, ಚೆಲ್ಬೇಡ."