ದೋಮ್ನ ಸ್ಮರಾಂಡ ಅವರ ನಾಲ್ಕು ಗಂಟೆಯ ಕಾಫಿ

ಮನೆ ಮುಚ್ಚುವ ಮಾತನ್ನು ದೋಮ್ನ ಸ್ಮರಾಂಡ ಆಡಿದ್ದು ಸೇಬಿನ ಸಿಪ್ಪೆ ಸುಲಿಯುತ್ತ. ಸಿಪ್ಪೆ ಒಂದೇ ಸುರುಳಿಯಾಗಿ ಬರಬೇಕು, ನಡುವೆ ಎಲ್ಲೂ ತುಂಡಾಗಬಾರದು ಎಂಬುದು ಆಕೆಯ ಹಟ. ಅಂದೂ ತುಂಡಾಗಲಿಲ್ಲ.

"ಲಂಡನ್ನಲ್ಲಿ ಕೂತು ನಮ್ಮ ರುಮೇನಿಯಾದ ಹಾಡು ಕೇಳೋರು ಯಾರಿದ್ದಾರೆ ಹೇಳು ಸೆವೆರ್. ಒಂದಷ್ಟು ಮುದುಕರು. ಅವರೂ ಬರೋದು ಹಾಡಿಗಲ್ಲ, ಊಟಕ್ಕೆ."

"ಊಟಕ್ಕಾದ್ರೂ ಬರ್ತಾರಲ್ಲ, ದೋಮ್ನ." ದೋಮ್ನ ಎಂದರೆ ಅವರ ಭಾಷೆಯಲ್ಲಿ ಅಮ್ಮನವರು.

"ಅದಕ್ಕೆ ಪ್ರತಿಷ್ಠಾನ ಯಾಕೆ ಬೇಕು? ಖಾನಾವಳಿ ಇಟ್ಟರಾಯ್ತು."

ಬ್ರಡ್ಯಾನು ಪ್ರತಿಷ್ಠಾನದ ಆ ಮನೆಯಲ್ಲಿ ಸೆವೆರ್ ಕ್ರಿಶಾನ್ ಅರ್ಧ ಆಯುಸ್ಸು ಕಳೆದಿದ್ದ. ಬಂದದ್ದು ಹಾಡುಗಾರನಾಗಿ. ಆಕೆಯ ಗಂಡ ಗ್ರಿಗೊರೆ ಬ್ರಡ್ಯಾನು ಕಮ್ಯುನಿಸ್ಟರ ಕಾಲದಲ್ಲಿ ಊರು ಬಿಟ್ಟು ಬಂದು, ಇಲ್ಲಿ ಯಂತ್ರದ ಬಿಡಿಭಾಗ ಮಾರಿ ಹಣ ಮಾಡಿ, ಊರಿನ ಹಾಡು, ಗಾಜಿನ ಮೇಲೆ ಬರೆದ ದೇವರ ಪಟ, ನೇಯ್ದ ಜಮಖಾನೆ, ಪುಸ್ತಕ ಎಲ್ಲಕ್ಕೂ ಪರದೇಶದಲ್ಲೊಂದು ಸೂರು ಇರಲಿ ಎಂದು ಮಾಡಿದ ಪ್ರತಿಷ್ಠಾನ ಅದು. ಅದರ ವಿದ್ಯಾರ್ಥಿವೇತನದ ಮೇಲೆ ಬಂದ ಸೆವೆರ್‌ಗೆ ಎರಡನೆಯ ವರ್ಷವೇ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ವೈದ್ಯರು ಗಂಟು ತೆಗೆದರು, ದನಿಯೂ ಜೊತೆಗೆ ಹೋಯಿತು. ಅಯ್ಯೋ ಪಾಪ ಎಂದು ಗ್ರಿಗೊರೆ ಅವನನ್ನು ಕಾರ್ಯದರ್ಶಿ ಮಾಡಿಕೊಂಡ. ಆ ಪಾಪ ಅನ್ನುವುದು ಅವನ ಹೆಸರಿಗೆ ಅಂಟಿದ್ದು ಮತ್ತೆ ಬಿಡಲಿಲ್ಲ. ಬಂದ ಪಿಯಾನೋದವರ ಪೆಟ್ಟಿಗೆ ಹೊತ್ತ, ಕವಿಗಳು ಕುಡಿದು ಬಿದ್ದಾಗ ಎತ್ತಿದ, ಪಟಗಳ ಧೂಳು ತಾನೇ ಒರೆಸಿದ. ಅಟ್ಟದ ಮೇಲಿನ ಸಣ್ಣ ಕೋಣೆಯಲ್ಲಿ ಮಲಗಿದ. ಮದುವೆಗೆ ಪುರುಸೊತ್ತಾಗಲಿಲ್ಲ.

ಈಗ ಗ್ರಿಗೊರೆ ಮಣ್ಣಾಗಿ ಬಹಳ ಕಾಲವಾಗಿತ್ತು. ಕ್ಲುಜ್ ಊರಿನಿಂದ ವ್ಲೈಕು ಎಂಬ ಗಡ್ಡದ ತರುಣ ಬಂದು, ಮನೆ ಮಾರಿ ಆ ಹಣದಲ್ಲಿ ಊರೂರು ಸುತ್ತುವ ಉತ್ಸವ ಮಾಡೋಣ, ಚಿತ್ರ ತೋರಿಸಲು ದೊಡ್ಡ ದೊಡ್ಡ ಪರದೆ ಹಾಕೋಣ ಎಂದು ಮುದುಕಿಯ ತಲೆ ತುಂಬಿದ್ದ. ಡಿಸೆಂಬರ್ ಒಂದು ರುಮೇನಿಯಾದವರ ರಾಷ್ಟ್ರದಿನ. ಆ ಸಂಜೆ ಮನೆಯಲ್ಲಿ ಎಲ್ಲರೂ ಸೇರುವಾಗ ಆಕೆ ವಿಷಯ ತಿಳಿಸುವುದು, ಮರುದಿನ ವಕೀಲರ ಮುಂದೆ ಸಹಿ ಮಾಡುವುದು ಎಂದು ನಿಗದಿಯಾಗಿತ್ತು.

"ಮತ್ತೆ ನಾನು?" ಎಂದು ಸೆವೆರ್ ಕೇಳಿದ.

"ನಿನಗೆ ಹಳ್ಳಿಯಲ್ಲಿ ಅಕ್ಕ ಇದ್ದಾಳಲ್ಲ ಮಾರಾಯ. ಕೋಳಿ ಸಾಕು, ಪ್ಲಮ್ ಗಿಡ ನೋಡ್ಕೋ." ಆಕೆ ಸೇಬಿನ ಒಂದು ಹೋಳನ್ನು ಚಾಕುವಿನ ತುದಿಯಲ್ಲೇ ಅವನತ್ತ ಚಾಚಿದಳು. "ತಗೋ, ತಿನ್ನು. ಹುಳಿ ಇಲ್ಲ."

ಅವನು ತಿಂದ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂತ್ಯಕ್ರಿಯೆಗೆ ಹೋಗಲು ರಜೆ ಕೇಳಿದಾಗ, ಪುಸ್ತಕಪ್ರದರ್ಶನ ಮುಗಿಯಲಿ ಎಂದವಳು ಇದೇ ಪುಣ್ಯಾತ್ಗಿತ್ತಿ. ಅದನ್ನು ನೆನಪಿಸಬೇಕು ಎಂದೂ ಅವನಿಗೆ ಅನಿಸಲಿಲ್ಲ. ಸಿಟ್ಟು ಬಂದಿದ್ದರೆ ಕಪ್ಪು ಒಡೆದು ಒಂದು ರಾತ್ರಿ ಅತ್ತು ಮುಗಿಸುತ್ತಿದ್ದನೋ ಏನೋ. ಸಿಟ್ಟು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿಹೋಯಿತು. ಆ ಮರಗಟ್ಟಿದ ಜಾಗದಲ್ಲಿ ಯೋಜನೆ ತಾನಾಗಿಯೇ ಬಂದು ಕೂತಿತು.

ಗ್ರಿಗೊರೆ ಉಯಿಲಿನಲ್ಲಿ ಬರೆದಿಟ್ಟದ್ದು ಎಲ್ಲರಿಗೂ ಗೊತ್ತಿದ್ದ ಮಾತು. ಹೆಂಡತಿ ಏನನ್ನೂ ಬದಲಾಯಿಸದೆ ತೀರಿಕೊಂಡರೆ ಮನೆ ಹಾಗೆಯೇ ನಡೆಯಬೇಕು, ಸೆವೆರ್ ಬದುಕಿರುವವರೆಗೆ ಅದರ ನಿರ್ದೇಶಕ. ಅಂದರೆ ಆಕೆ ಡಿಸೆಂಬರ್ ಎರಡನ್ನು ಕಾಣಬಾರದು, ಅಷ್ಟೆ. ಎಂಬತ್ತು ದಾಟಿದ ಹೆಂಗಸು, ಸೋತ ಹೃದಯ. ಬದುಕಿಸುವ ಮಾತ್ರೆಯೇ ಪ್ರಮಾಣ ಮೀರಿದರೆ ಕೊಲ್ಲುತ್ತದೆ, ಕೊಂದಮೇಲೂ ನೋಡುವವರಿಗೆ ಹೃದಯ ನಿಂತಿತು ಎಂದಷ್ಟೇ ಕಾಣುತ್ತದೆ. ಮಾತ್ರೆ ಎಣಿಸಿ ಕೊಡುತ್ತಿದ್ದವನು ಅವನೇ. ನಾಲ್ಕು ಗಂಟೆಗೆ ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಯಿಸಿ ಕೊಡುತ್ತಿದ್ದವನೂ ಅವನೇ. ಅಡುಗೆಯ ವಿಯೊರೀಕಳ ಕೈಯ ಕಾಫಿ ಆಕೆಗೆ ಸೇರುತ್ತಿರಲಿಲ್ಲ. ಗಸಿಯೇ ಬಟ್ಟಲಿನ ಕಾಲು ಭಾಗ ತುಂಬುವ ಕಡುಕಹಿ ಕಾಫಿ ಅದು, ಅದರಲ್ಲಿ ಇನ್ನಷ್ಟು ಕಹಿ ಯಾರ ನಾಲಿಗೆಗೂ ತಿಳಿಯುವುದಿಲ್ಲ.

ಉಳಿದದ್ದು ಡಾಕ್ಟರು. ಡಾಕ್ಟರ್ ಪಾಂತೆಲಿಮೋನ್ ಒಲ್ತೇನಿಯಾ ಸೀಮೆಯ ಹಳ್ಳಿಯವರು, ಊಟದ ಮೇಲೆ ಪ್ರೀತಿ, ಬರವಣಿಗೆಯ ಮೇಲೆ ಸೋಮಾರಿತನ. ವಾರಕ್ಕೊಮ್ಮೆ ಬಂದು ಆಕೆಯ ನಾಡಿ ಹಿಡಿದು, ಎಲೆಕೋಸಿನ ಸುರುಳಿ ತಿಂದು ಹೋಗುತ್ತಿದ್ದರು. "ಯಾವತ್ತಾದ್ರೂ ಬೆಳಗ್ಗೆ ಫೋನ್ ಬಂದ್ರೆ ನಂಗೇನೂ ಆಶ್ಚರ್ಯ ಆಗಲ್ಲಪ್ಪ" ಎಂದು ಅವನಿಗೂ ಟ್ರಸ್ಟಿಗಳಿಗೂ ಹೇಳಿಯಾಗಿತ್ತು. ಆಶ್ಚರ್ಯವಾಗದ ಡಾಕ್ಟರು ಸಹಿ ಮಾಡುತ್ತಾರೆ. ಸಹಿ ಬಿದ್ದರೆ ಯಾರೂ ಹೊಟ್ಟೆ ಕೊಯ್ದು ನೋಡುವುದಿಲ್ಲ.

ಹೆಣ ಕಾಣಬೇಕಾದದ್ದು ಬೆಳಿಗ್ಗೆ, ಕಾಣಬೇಕಾದವಳು ವಿಯೊರೀಕ. ಸಂಜೆಯೇ ಸಿಕ್ಕಿದರೆ ಬಿಸಿಬಿಸಿ ಪ್ರಶ್ನೆಗಳು ಏಳುತ್ತವೆ. ರಾತ್ರಿ ನಿದ್ದೆಯಲ್ಲಿ ಹೋದ ಮುದುಕಿಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಆಕೆ ಕಳೆದೆರಡು ವರ್ಷ ರಾಷ್ಟ್ರದಿನದಂದು ಕೆಳಗಿಳಿದಿರಲೇ ಇಲ್ಲ, ಕಾಲು ಊದಿದೆ ಎಂದು ಮೇಲೆಯೇ ಒರಗುಕುರ್ಚಿಯಲ್ಲಿ ಬೆಳಗಿನವರೆಗೂ ಮಲಗಿದ್ದಳು. ಮಲಗಿದ ಆಕೆಯನ್ನು ಎಬ್ಬಿಸಿ ಬೈಸಿಕೊಳ್ಳುವ ಗಂಡೆದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇಷ್ಟು ಯಾರಾದರೂ ಯೋಚಿಸಿಯಾರು. ಸೆವೆರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನನ್ನು ಹಿಡಿದುಕೊಡಬಹುದಾದದ್ದು ಇಂಗ್ಲಿಷ್ ಪೊಲೀಸರಲ್ಲ, ತನ್ನ ರಕ್ತದಲ್ಲೇ ಇರುವ ಊರು ಎಂದು ಅವನಿಗೆ ಗೊತ್ತಿತ್ತು. ಅವನ ಊರಿನಲ್ಲಿ ಕೈಯಲ್ಲಿ ಮೇಣದ ಬತ್ತಿ ಇಲ್ಲದೆ ಸಾಯುವುದಕ್ಕಿಂತ ಕೆಟ್ಟ ಸಾವಿಲ್ಲ, ವೈರಿಗೂ ಅಂಥ ಶಾಪ ಹಾಕುವುದಿಲ್ಲ. ಆದರೆ ಮೈಮೇಲೆ ಮೇಣದ ಒಂದು ಹನಿ ಬಿದ್ದರೂ ಸಾಯುವಾಗ ಯಾರೋ ಪಕ್ಕದಲ್ಲಿದ್ದರು ಎಂದಾಗುತ್ತದೆ. ಆದ್ದರಿಂದ ಬತ್ತಿ ಬೇಡ. ಕನ್ನಡಿಗೆ ಬಟ್ಟೆ ಮುಚ್ಚುವುದು ಬೇಡ. ಜೀವ ಹೊರಹೋಗಲೆಂದು ಕಿಟಕಿ ತೆರೆಯುವುದೂ ಬೇಡ. ಎಲ್ಲಕ್ಕಿಂತ ಅಪಾಯದ್ದು ನಾಲಿಗೆ. ಸತ್ತವರ ಹೆಸರು ಬಂದರೆ ಸಾಕು, 'ದೇವರು ಕ್ಷಮಿಸಲಿ' ಎಂಬ ಮಾತು ಅವರಲ್ಲಿ ಉಸಿರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಅವನು ಅಟ್ಟದ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು, ದೋಮ್ನ ಸ್ಮರಾಂಡ ಮಲಗಿದ್ದಾರೆ, ದೋಮ್ನ ಸ್ಮರಾಂಡ ನಿಮ್ಮನ್ನು ಕೇಳಿದ್ದಾರೆ ಎಂದು, ಹೆಸರಿನ ಹಿಂದೆ ಏನೂ ಬಾರದ ಹಾಗೆ, ದನಿ ಸತ್ತ ಗಂಟಲಿನಲ್ಲಿ ಅಭ್ಯಾಸ ಮಾಡಿದ. ಹಾಡುವ ಕಾಲದಲ್ಲೂ ಅಷ್ಟು ನಿಷ್ಠೆಯಿಂದ ಅಭ್ಯಾಸ ಮಾಡಿರಲಿಲ್ಲ.

ಡಿಸೆಂಬರ್ ಒಂದರ ನಾಲ್ಕು ಗಂಟೆಗೆ ಹೊರಗೆ ಆಗಲೇ ಮಬ್ಬುಗತ್ತಲು. ಕೆಳಗಿನಿಂದ ಹೊಗೆಯಲ್ಲಿಟ್ಟ ಹಂದಿಮಾಂಸದ ಜೊತೆ ಹುರುಳಿಕಾಯಿಯ ಬೀಜ ಬೇಯುವ ವಾಸನೆ ಬರುತ್ತಿತ್ತು. ದೋಮ್ನ ಸ್ಮರಾಂಡ ಕಪ್ಪು ಉಡುಪು ತೊಟ್ಟು ಕಿಟಕಿಯ ಬಳಿ ಒರಗುಕುರ್ಚಿಯಲ್ಲಿ ಕೂತಿದ್ದಳು. ಕಾಫಿ ಕುಡಿದು ಮುಖ ಸಿಂಡರಿಸಿದಳು.

"ಎಷ್ಟು ಕಾಯಿಸಿದೀಯೋ? ಟಾರು ಕುಡಿದ ಹಾಗಿದೆ."

"ಇವತ್ತು ಮಾತಾಡಬೇಕಲ್ಲ ನೀವು. ಸ್ವಲ್ಪ ಗಟ್ಟಿಯಾಗೇ ಮಾಡ್ದೆ."

"ನನ್ನ ಮೇಲೆ ಸಿಟ್ಟಿದೆ ನಿಂಗೆ."

"ಇಲ್ಲ ದೋಮ್ನ."

"ಇದೆ. ಇರಲಿ. ಸಿಟ್ಟಿಲ್ಲದ ಗಂಡಸು ಉಪ್ಪಿಲ್ಲದ ಗಂಜಿ." ಆಕೆ ತಳದ ಗಸಿಯವರೆಗೂ ಕುಡಿದು ಬಟ್ಟಲು ಕೊಟ್ಟಳು. "ಗ್ರಿಗೊರೆ ನಿನ್ನ ಕರ್ಕೊಂಡು ಬಂದ ದಿನ ಒಂದು ಹಾಡಿದ್ದೆ ನೋಡು, ಕುರಿ ಕಾಯೋರದ್ದು. ಅದನ್ನ ಗುನುಗು."

"ದನಿ ಎಲ್ಲಿದೆ?"

"ದನಿ ಯಾರು ಕೇಳಿದ್ರು. ಗುನುಗು ಅಂದೆ."

ಗುನುಗಿದ. ಒರಲೆ ಹಿಡಿದ ಮರ ಕೊರೆದ ಹಾಗೆ ಸದ್ದು ಬಂತು. ಆಕೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ತಾಳ ಹಾಕಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತಿದೆ ಎಂದಳು, ಮತ್ತೆ ನಿದ್ದೆ ಬರುತ್ತಿದೆ ಎಂದಳು. ಹಾಡು ಮುಗಿದಿತ್ತು, ಅವನು ಎರಡನೆಯ ಸಲ ಮೊದಲಿನಿಂದ ಶುರುಮಾಡಿದ. ಬೆರಳು ನಿಂತದ್ದನ್ನು ನೋಡಿದ ಮೇಲೂ ಕೊನೆಯವರೆಗೆ ಗುನುಗಿ ಮುಗಿಸಿದ.

ಮೂಗಿನ ಬಳಿ ಕೈಗನ್ನಡಿ ಹಿಡಿದು ನೋಡಿದ. ಅದು ಮಬ್ಬಾಗಲಿಲ್ಲ. ದುಃಖವಾಗಬಹುದು, ಹೆದರಿಕೆಯಾಗಬಹುದು ಎಂದು ಕಾದ. ಏನೂ ಬರಲಿಲ್ಲ. ಮೇಣದ ಬತ್ತಿ ದೇವರ ಪಟದ ಕೆಳಗೆ ಕೈಗೆಟುಕುವ ದೂರದಲ್ಲೇ ಇತ್ತು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಕಿಟಕಿಯ ಚಿಲಕ ಹಾಕಿಯೇ ಇತ್ತು. ಆಕೆಯ ಮೊಣಕಾಲಿಗೆ ಶಾಲು ಹೊದೆಸಿ, ಬಟ್ಟಲು ತೊಳೆದು ಒರೆಸಿ ಸ್ವಸ್ಥಾನಕ್ಕಿಟ್ಟು, ಬಾಗಿಲನ್ನು ಎಳೆದುಕೊಂಡು ಕೆಳಗಿಳಿದ.

ಆರೂವರೆಗೆಲ್ಲ ಕೆಳಗಿನ ಹಜಾರ ತುಂಬಿತ್ತು. ಸೆವೆರ್ ಬಂದವರ ಕೋಟು ತೆಗೆದುಕೊಂಡ, ಕುರ್ಚಿ ಕೊಟ್ಟ, ಹಾಡಲು ಬಂದ ವೃಂದದವರಿಗೆ ನೀರಿಟ್ಟ. ವ್ಲೈಕು ಗಡ್ಡ ನೀವಿಕೊಂಡು ಬಂದ.

"ದೋಮ್ನ ಇಳಿಯೋದು ಎಷ್ಟೊತ್ತಿಗೆ? ನನ್ನ ಭಾಷಣ ಅವರಾದ ಮೇಲೆ ಇದೆ."

"ದೋಮ್ನ ಸ್ಮರಾಂಡಗೆ ಕಾಲು ಊದಿದೆಯಂತೆ. ಮಲಗಿದ್ದಾರೆ. ನಾಳೆ ವಕೀಲರ ಹತ್ರ ಹೇಗೂ ಸಿಗ್ತೀನಿ ಅಂದ್ರು."

ಹೆಸರು ಸರಾಗವಾಗಿ ಬಂತು, ಹಿಂದೆ ಏನೂ ಬರಲಿಲ್ಲ. ಡಾಕ್ಟರ್ ಪಾಂತೆಲಿಮೋನ್ ತಟ್ಟೆಯ ತುಂಬ ಎಲೆಕೋಸಿನ ಸುರುಳಿ ಹೇರಿಕೊಂಡು ಪಕ್ಕಕ್ಕೆ ಬಂದರು.

"ಕಾಲು ಊದಿದೆಯಾ? ಉಪ್ಪು ಬಿಡು ಅಂದ್ರೆ ಕೇಳಲ್ಲ ಆಯಮ್ಮ. ಹೋಗಿ ನೋಡ್ಲಾ?"

"ನಿದ್ದೆಯಿಂದ ಎಬ್ಬಿಸ್ತೀರಾ? ಎಬ್ಬಿಸಿ, ನಿಮ್ಮ ಧೈರ್ಯ ನೋಡೋಣ."

ಡಾಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಬೇಡಪ್ಪ. ಹೋದ ವರ್ಷ ಎಬ್ಬಿಸಿದ್ದಕ್ಕೆ ನನ್ನ ಹಿರೀಕರನ್ನೆಲ್ಲ ಗೋರಿಯಿಂದ ಎಬ್ಬಿಸಿ ಬೈದಿದ್ರು."

ವೃಂದ ಹಾಡಿತು. ಹಳ್ಳಿಯ ಹೆಂಗಸರ ಕಸೂತಿ ರವಿಕೆ ತೊಟ್ಟ ಹುಡುಗಿಯೊಬ್ಬಳು ಕೊಳಲು ನುಡಿಸಿದಳು. ವ್ಲೈಕುವಿನ ಭಾಷಣದಲ್ಲಿ ಪರದೆಯ ಮಾತು ಬರಲಿಲ್ಲ, ಮುದುಕಿ ಹೇಳದೆ ತಾನು ಹೇಳುವ ಹಾಗಿರಲಿಲ್ಲವಲ್ಲ. ಸೆವೆರ್ ಗೋಡೆಗೆ ಒರಗಿ ಗಾಜಿನ ಪಟಗಳನ್ನು ನೋಡುತ್ತಿದ್ದ. ನಾಳೆಯೂ ಇವು ಇಲ್ಲೇ ಇರುತ್ತವೆ, ತಾನೂ ಇರುತ್ತೇನೆ. ಸಂತೋಷ ಪಡಬೇಕಾದ ಹೊತ್ತು ಎಂದು ಅವನಿಗೆ ತಿಳಿಯಿತು, ಸಂತೋಷವೂ ಬರಲಿಲ್ಲ. ಆದರೆ ತಪ್ಪೂ ಆಗಿರಲಿಲ್ಲ. ಇಡೀ ಸಂಜೆ ಆಕೆಯ ಹೆಸರು ಎಷ್ಟೋ ಸಲ ಬಾಯಿಗೆ ಬಂದಿತ್ತು, ಒಮ್ಮೆಯೂ ನಾಲಿಗೆ ಜಾರಿರಲಿಲ್ಲ.

ಊಟದ ಕೊನೆಗೆ ಡಾಕ್ಟರು ಚಮಚದಿಂದ ಲೋಟ ತಟ್ಟಿ ಎದ್ದು ನಿಂತರು. "ಮೇಲೆ ಗೊರಕೆ ಹೊಡೀತಿರೋ ನಮ್ಮ ಯಜಮಾನಿಗೆ. ಅವರಿಗೆ ನಾನು ಮಾತ್ರೆ ಕೊಡೋದಲ್ಲ, ಅವರೇ ನನಗೆ ಮಣ್ಣು ಕೊಡಬೇಕು, ಅಷ್ಟು ವರ್ಷ ಬಾಳಲಿ." ಎಲ್ಲರೂ ನಕ್ಕು ಎದ್ದರು. ವಿಯೊರೀಕ ಸೆವೆರ್‌ನ ಕೈಗೂ ಕೆಂಪು ವೈನಿನ ಲೋಟವೊಂದನ್ನು ತುರುಕಿದಳು.

ದೋಮ್ನ ಸ್ಮರಾಂಡಗೆ, ದೋಮ್ನ ಸ್ಮರಾಂಡಗೆ ಎನ್ನುತ್ತ ಹಜಾರದ ತುಂಬ ಲೋಟಕ್ಕೆ ಲೋಟ ತಾಗಿದವು. ಸೆವೆರ್ ಕೂಡ ಹೆಸರನ್ನು ಸ್ಪಷ್ಟವಾಗಿ ಹೇಳಿದ, ಹೇಳಿ ತುಟಿ ಬಿಗಿಹಿಡಿದ, ಲೋಟವನ್ನು ಬಾಯಿಗೆ ತಂದ. ವೈನಿನ ರುಚಿ ಹತ್ತಿದ ಮೇಲೆಯೇ ಅವನಿಗೆ ಕಂಡದ್ದು, ಡಾಕ್ಟರು ತಮ್ಮ ಲೋಟವನ್ನು ತಾಗಿಸಲೆಂದು ಅವನತ್ತ ಚಾಚಿದವರು ಹಾಗೆಯೇ ನಿಂತಿದ್ದಾರೆ, ಅವನ ಕಾಲ ಬಳಿ ನೋಡುತ್ತಿದ್ದಾರೆ ಎಂದು. ಜಮಖಾನೆಯ ಮೇಲೆ ವೈನು ಚೆಲ್ಲಿತ್ತು. ಅಕಸ್ಮಾತ್ ತುಳುಕಿದ್ದಲ್ಲ. ಅಪ್ಪ ಹೋದಾಗ, ಗ್ರಿಗೊರೆ ಹೋದಾಗ, ಅಕ್ಕನ ಹೆಸರಿನಲ್ಲಿ ಒಬ್ಬನೇ ಅಟ್ಟದಲ್ಲಿ ಕುಡಿದಾಗ ಮಾಡಿದ ಹಾಗೆ ಮಣಿಕಟ್ಟು ತಾನಾಗಿ ಬಾಗಿ, ತಾನು ಕುಡಿಯುವ ಮುಂಚೆ ಒಂದು ಗುಟುಕನ್ನು ನೆಲಕ್ಕೆ ಬಿಟ್ಟಿತ್ತು. "ಬದುಕಿರೋರಿಗೆ ಲೋಟ ತಗಲಿಸ್ತೀವಿ ಸೆವೆರ್," ಎಂದರು ಡಾಕ್ಟರು, ಅವನೊಬ್ಬನಿಗೇ ಕೇಳುವಷ್ಟು ತಗ್ಗಿದ ದನಿಯಲ್ಲಿ. "ನೆಲಕ್ಕೆ ಬಿಡೋದು ಸತ್ತೋರ ಪಾಲು. ನೀನೀಗ ಬಿಟ್ಟಿದ್ದು ಯಾರ ಪಾಲು?" ನಾಲಿಗೆಯನ್ನಷ್ಟೇ ಪಳಗಿಸಿಟ್ಟಿದ್ದ ಸೆವೆರ್ ಬಗ್ಗಿ ಕರವಸ್ತ್ರದಿಂದ ಆ ಕಲೆಯನ್ನು ಒರೆಸತೊಡಗಿದ. ಡಾಕ್ಟರು ಕುಡಿಯದ ಲೋಟವನ್ನು ಪಿಯಾನೋದ ಮೇಲಿಟ್ಟು, ನಗುತ್ತಿದ್ದ ಜನರ ನಡುವೆ ದಾರಿ ಮಾಡಿಕೊಂಡು, ಮೆಟ್ಟಿಲು ಹತ್ತತೊಡಗಿದರು.